ಬಕೆಟ್ಟಿನಲ್ಲಿ ಬಂದ ಆಲೂಗಡ್ಡೆ

ಆಸ್ಪತ್ರೆಯ ಅಡುಗೆಮನೆಯಲ್ಲಿ ಹನ್ನೊಂದು ವರ್ಷದಿಂದ ಒಲೆ ಮುಂದೆ ನಿಂತಿದ್ದ ಆ ಹೆಂಗಸನ್ನು ಡಾಕ್ಟರುಗಳಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದರು. ಅವಳಿಗಿಂತ ಹದಿನೈದು ವರ್ಷ ದೊಡ್ಡವನು, ವಾರ್ಡುಗಳಿಗೆ ಊಟದ ಗಾಡಿ ತಳ್ಳುವ ಗಾಡಿಯಣ್ಣ. ಅವನಿಗೂ ಅವಳು ಅಕ್ಕನೇ.

ಎರಡನೇ ಮಹಡಿಯಲ್ಲಿ ಅಗಿಯಲಾರದ ರೋಗಿಗಳ ವಾರ್ಡು. ಅವರಿಗೆ ಮಧ್ಯಾಹ್ನ ಬೇಯಿಸಿ ಕಿವುಚಿದ ಆಲೂಗಡ್ಡೆ. ಅದಕ್ಕೆ ಹಾಲು, ಒಂಚೂರು ಬೆಣ್ಣೆ, ಉಪ್ಪು. ಎಷ್ಟು ಅಂದಾಜು ಮಾಡಿ ಬೇಯಿಸಿದರೂ ಪಾತ್ರೆಯ ತಳದಲ್ಲಿ ಒಂದಿಷ್ಟು ಮಿಕ್ಕುತ್ತಿತ್ತು. ಅದನ್ನು ಚೆಲ್ಲಲು ಅಕ್ಕನಿಗೆ ಮನಸ್ಸು ಬರಲಿಲ್ಲ. ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದ ಮೇಲೆ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಹಾಕಿ, ಕಾಳುಮೆಣಸು ಕುಟ್ಟಿ ಉದುರಿಸಿ, ಅಂಟಿಗೆ ಒಂದು ಹಿಡಿ ಮೈದಾ ಸೇರಿಸಿ, ಅಂಗೈಯಲ್ಲಿ ತಟ್ಟಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕಾವಲಿಗೆ ಹಾಕುತ್ತಿದ್ದಳು. ಎರಡೂ ಕಡೆ ಕೆಂಪಗಾದ ಆ ಕಟ್ಲೆಟ್ ಸಂಜೆ ನಾಲ್ಕು ಗಂಟೆಗೆ ಸಿಬ್ಬಂದಿ ಕ್ಯಾಂಟೀನಿನ ಕಿಟಕಿಗೆ ಬಂದರೆ ಐದು ನಿಮಿಷದಲ್ಲಿ ತಟ್ಟೆ ಖಾಲಿ. "ಅಕ್ಕನ ಕೈಯಲ್ಲಿ ಏನೋ ಇದೆ" ಅನ್ನುತ್ತಿದ್ದರು. ಆ ಮಾತು ಕೇಳಿದ ದಿನ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಒಂದು ನಿಯಮವಿತ್ತು. ಅಡುಗೆಮನೆಯ ಪಾತ್ರೆಯಲ್ಲಿ ಮಿಕ್ಕಿದ್ದು ಮಾತ್ರ ಕಟ್ಲೆಟ್ಟಿಗೆ. ವಾರ್ಡಿನ ಬಾಗಿಲು ದಾಟಿದ್ದು ಸೀದಾ ಕಸದ ಡ್ರಮ್ಮಿಗೆ. ಯಾರೂ ಬರೆದಿಟ್ಟ ನಿಯಮವಲ್ಲ, ಅಕ್ಕ ತಾನೇ ಹಾಕಿಕೊಂಡಿದ್ದು.

ಆಮೇಲೆ ಹೊಸ ಮ್ಯಾನೇಜರ್ ಬಂದ. ಇಸ್ತ್ರಿ ಮುರಿಯದ ಅಂಗಿ, ಕೈಗೆ ಅಂಟಿಕೊಂಡಂತೆ ಇರುವ ಕರವಸ್ತ್ರ. ಕಟ್ಲೆಟ್ಟಿನ ಸುದ್ದಿ ಅವನ ಕಿವಿಗೆ ಬಿತ್ತು. ದಿನಕ್ಕೆ ಹದಿನೈದಲ್ಲ, ಅರವತ್ತು ಬೇಕು ಅಂದ. "ಅಷ್ಟು ಎಲ್ಲಿ ಮಿಗುತ್ತೆ ಸಾರ್?" ಅಂತ ಅಕ್ಕ ಕೇಳಿದ್ದಕ್ಕೆ, "ಅದರ ಯೋಚನೆ ನನಗೆ ಬಿಡಿ" ಅಂದ. ಮಾರನೇ ದಿನದಿಂದ ಗಾಡಿಯಣ್ಣ ಮಧ್ಯಾಹ್ನ ಎರಡಕ್ಕೆ ಬಿಳಿ ಬಟ್ಟೆ ಮುಚ್ಚಿದ ಸ್ಟೀಲ್ ಬಕೆಟ್ ತಂದಿಡತೊಡಗಿದ.

"ಇದೇನಣ್ಣ?"

"ವಾರ್ಡಿಗೆ ತಗೊಂಡೋದ ಪಾತ್ರೆಯಲ್ಲಿ ಮಿಕ್ಕಿದ್ದು. ಬಡಿಸಿಲ್ಲ, ಮುಟ್ಟಿಲ್ಲ."

ಬಡಿಸದ್ದು ತಾನೇ ಅಂತ ತನ್ನ ನಿಯಮವನ್ನು ಸಡಿಲಿಸಿ ನಂಬಿದಳು. ಮೇಲ್ಭಾಗವನ್ನು ಸೌಟಿನಿಂದ ನಯವಾಗಿ ಸವರಿಟ್ಟಿದ್ದರು, ನೋಡಲು ಚೆನ್ನಾಗಿಯೇ ಇತ್ತು. ಒಂದು ದಿನ ಅದರಲ್ಲಿ ಕ್ಯಾರೆಟ್ಟಿನ ಚೂರು ಸಿಕ್ಕಿತು. ಇನ್ನೊಂದು ದಿನ ಬಿಸ್ಕತ್ತಿನ ತುಂಡು, ನೆಂದು ಮೆತ್ತಗಾಗಿದ್ದು. ಬೆರಳಲ್ಲಿ ತೆಗೆದು ಬಿಸಾಡಿ ಕಲಸಿದಳು. ಬಡಿಸುವವರು ಒಂದೇ ಸೌಟನ್ನು ಎಲ್ಲದಕ್ಕೂ ಹಾಕಿರುತ್ತಾರೆ ಅಂದುಕೊಂಡಳು. ಹಾಗಂದುಕೊಳ್ಳುವುದು ಸುಲಭವಾಗಿತ್ತು. ನಾಲ್ಕು ಗಂಟೆಗೆ ಸಾಲು ಗೇಟಿನ ತನಕ ಬೆಳೆಯುತ್ತಿತ್ತು, ಹೊಗಳಿಕೆಯೂ ಬೆಳೆಯುತ್ತಿತ್ತು.

ಮೂರು ವಾರ ಹೀಗೇ ನಡೆಯಿತು. ಮನೆಗೂ ದಿನಾ ನಾಲ್ಕು ಕಟ್ಟಿಕೊಂಡು ಹೋಗುತ್ತಿದ್ದಳು. ಅವಳ ಗಂಡ ದರ್ಜಿ. ಹೊಲಿಗೆ ಮೆಷಿನ್ನಿನಿಂದ ಏಳದೆಯೇ ಎಡಗೈಯಲ್ಲಿ ಹಿಡಿದು ತಿಂದು, ಬಟ್ಟೆಗೆ ಎಣ್ಣೆ ತಾಗದ ಹಾಗೆ ಬೆರಳು ನೆಕ್ಕಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಕಲಸುವಾಗ ಅಕ್ಕನ ಕಿರುಬೆರಳಿನ ಸಂದಿಗೆ ಗಟ್ಟಿಯಾದದ್ದೇನೋ ತಾಗಿತು. ಉಪ್ಪಿನ ಹರಳು ಅಂತ ಹಿಚುಕಿದಳು, ಒಡೆಯಲಿಲ್ಲ. ತೊಳೆದು ನೋಡಿದರೆ ಹಳದಿ ಮಾತ್ರೆ. ಅರ್ಧ ಕರಗಿ ಅಂಚು ಮೊಂಡಾಗಿತ್ತು. ಇನ್ನೊಮ್ಮೆ ಕೈ ಆಡಿಸಿದಳು. ಇನ್ನೊಂದು ಸಿಕ್ಕಿತು.

ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದಳು. ವಾರ್ಡಿನ ದೊಡ್ಡ ಸಿಸ್ಟರ್ ಕನ್ನಡಕ ಏರಿಸಿ ನೋಡಿದರು.

"ಇದು ಹನ್ನೆರಡನೇ ಹಾಸಿಗೆ ಅಜ್ಜನದು. ಕಾಲು ಊತಕ್ಕೆ ಕೊಡ್ತಿರೋದು. ನಿಮಗೆಲ್ಲಿ ಸಿಕ್ತು?"

"ಆಲೂಗಡ್ಡೇಲಿ."

"ಯಾವ ಆಲೂಗಡ್ಡೆ?"

 ಸಿಸ್ಟರ್ ಹೆಗಲ ಮೇಲಿಂದ ಅಕ್ಕನಿಗೆ ವಾರ್ಡಿನ ಆ ತುದಿ ಕಾಣುತ್ತಿತ್ತು. ತಡವಾಗಿ ಉಂಡವರ ತಟ್ಟೆಗಳನ್ನು ಗಾಡಿಯಣ್ಣ ಆಗ ತೆಗೆಯುತ್ತಿದ್ದ. ಒಂದೊಂದೇ ತಟ್ಟೆ ಎತ್ತಿ, ಚಮಚದಿಂದ ಕೆರೆದು ಇನ್ನೊಂದು ಬಕೆಟ್ಟಿಗೆ ಹಾಕುತ್ತಿದ್ದ. ಬಾಯಿ ಓರೆಯಾದ ಹೆಂಗಸೊಬ್ಬರ ತಟ್ಟೆಯಲ್ಲಿ ಬಾಯಲ್ಲಿ ಹೊರಳಿಸಿ ಉಗಿದದ್ದು ಜೊಲ್ಲಿನ ಜೊತೆ ಎಳೆ ಎಳೆಯಾಗಿ ಅಂಟಿಕೊಂಡಿತ್ತು. ಅದನ್ನೂ ಕೆರೆದ. ಒಂದು ತಟ್ಟೆಯಲ್ಲಿ ಕೂದಲು ಕಂಡಿತೇನೋ, ಎರಡು ಬೆರಳಿಂದ ಎಳೆದು ಪ್ಯಾಂಟಿಗೆ ಒರೆಸಿಕೊಂಡ. ಕೊನೆಗೆ ಸೌಟಿನ ಬೆನ್ನಿಂದ ಬಕೆಟ್ಟಿನ ಮೇಲ್ಭಾಗ ಸವರಿ, ನಯ ಮಾಡಿ, ಬಿಳಿ ಬಟ್ಟೆ ಮುಚ್ಚಿದ.

 ಅಕ್ಕ ವಾರ್ಡಿನ ಕೈತೊಳೆಯುವ ತೊಟ್ಟಿಗೆ ಓಡಿ ಕಕ್ಕಿದಳು. ಬೆಳಗಿನ ಕಾಫಿ ಹೋಯಿತು, ಹಳದಿ ನೀರು ಹೋಯಿತು, ಬರುವುದಕ್ಕೆ ಏನೂ ಇಲ್ಲದಿದ್ದರೂ ಹೊಟ್ಟೆ ಹಿಂಡುತ್ತಲೇ ಇತ್ತು. ಎಂಜಲು. ಮೂರು ವಾರ ಮೂವತ್ತು ಜನರ ಎಂಜಲನ್ನು ಈ ಎರಡು ಕೈಯಲ್ಲಿ ಕಲಸಿದ್ದಳು. ಉಪ್ಪು ಸರಿಯಾಗಿದೆಯೇ ಅಂತ ದಿನಾ ನಾಲಿಗೆಗೆ ಹಚ್ಚಿ ನೋಡಿದ್ದಳು.

ಗಾಡಿಯಣ್ಣ ಹತ್ತಿರ ಬಂದು ನಿಂತ. "ಮ್ಯಾನೇಜರ್ ಹೇಳಿದ್ರು ಅಕ್ಕ. ಎಣ್ಣೇಲಿ ಬೆಂದ ಮೇಲೆ ಏನೂ ಉಳಿಯಲ್ಲ ಅಂದ್ರು."

"ನೀನು ತಿಂತಿದ್ಯಾ?"

ಅವನು ಕೈಲಿದ್ದ ಬಕೆಟ್ಟಿನ ಬಟ್ಟೆ ಸರಿಮಾಡಿದ. ತಿನ್ನುತ್ತಿರಲಿಲ್ಲ.

ಮ್ಯಾನೇಜರ್ ಕೋಣೆಗೆ ಅವಳು ಆ ಬಕೆಟ್ಟಿನ ಸಮೇತ ಹೋದಳು. ಬಟ್ಟೆ ತೆಗೆದು ಮೇಜಿನ ಮೇಲೆ, ಫೈಲುಗಳ ಮೇಲೇ ಇಟ್ಟಳು. ಅವನು ಕುರ್ಚಿಯನ್ನು ಗೋಡೆಯ ತನಕ ಹಿಂದಕ್ಕೆ ತಳ್ಳಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ.

"ಮೊದಲು ಅದನ್ನ ಆಚೆ ತಗೊಂಡೋಗಿ!"

"ಯಾಕೆ ಸಾರ್? ಈರುಳ್ಳಿ ಹಾಕಿಲ್ಲ ಅಂತಾನಾ?"

"ನೋಡಿ, ರೋಗಿಗಳು ಅರ್ಧಕ್ಕರ್ಧ ಬಿಡ್ತಾರೆ. ಚಿನ್ನದಂಥ ಆಹಾರ ಹಾಳಾಗ್ತಿತ್ತು. ಯಾರಿಗೂ ಏನೂ ಆಗಿಲ್ಲವಲ್ಲ?"

"ನಾಲ್ಕು ಗಂಟೆಗೆ ಕಿಟಕಿ ಹತ್ರ ಬನ್ನಿ. ಎಲ್ಲರ ಎದುರು ಒಂದು ತಿನ್ನಿ. ನಾನು ಬಾಯಿ ಮುಚ್ಕೊಂಡಿರ್ತೀನಿ."

"ನನಗೆ ಎಣ್ಣೆ ಪದಾರ್ಥ ಆಗಿಬರಲ್ಲ" ಅಂದ ಅವನು.

ನಾಲ್ಕಕ್ಕೆ ಸಾಲು ನಿಂತಿತ್ತು. ಮುಂದೆ ಎಕ್ಸರೇ ಕೋಣೆಯವನು, ತಟ್ಟೆ ಹಿಡಿದು, ಎಂದಿನಂತೆ ನಗುತ್ತಾ. ಹಿಂದಿನ ದಿನ ತಮಗೆಂದು ಎತ್ತಿಟ್ಟುಕೊಂಡಿದ್ದ ಎರಡನ್ನು ಯಾರೋ ಬಿಸಿ ಮಾಡಿ ಕೊಟ್ಟಿದ್ದರು, ಅದರಲ್ಲೊಂದು ಆಗಲೇ ಅವನ ಬಾಯಲ್ಲಿತ್ತು. ಅಕ್ಕ ಕಿಟಕಿಯ ಆಚೆ ಬಂದು ನಿಂತು, ಸುತ್ತಿ ಬಳಸದೆ ಹೇಳಿದಳು. ಮ್ಯಾನೇಜರ್ ಹೇಳಿದ್ದು, ತಟ್ಟೆ ಕೆರೆದದ್ದು, ಜೊಲ್ಲು, ಕೂದಲು, ಮಾತ್ರೆ, ಒಂದನ್ನೂ ಬಿಡಲಿಲ್ಲ.

ಎಕ್ಸರೇಯವನ ದವಡೆ ಅಲ್ಲೇ ನಿಂತಿತು. ನುಂಗಲೂ ಆಗದೆ ಉಗಿಯಲೂ ಆಗದೆ ಕಣ್ಣು ಬಿಟ್ಟು ನಿಂತು, ಕೊನೆಗೆ ಬಾಗಿ ತನ್ನ ಬೂಟಿನ ಮೇಲೇ ಉಗಿದ. ಎಳೆ ವಯಸ್ಸಿನ ನರ್ಸೊಬ್ಬಳು ಬಾಯಿ ಮುಚ್ಚಿಕೊಂಡು ಓಡಿದಳು.  ಆಮೇಲೆ ಬಟ್ಟೆ ಒಗೆಯುವ ಕೋಣೆಯ ಹೆಂಗಸು ಮುಂದೆ ಬಂದಳು.

"ಮ್ಯಾನೇಜರ್ ಹೇಳಿದ್ನಂತೆ! ಕಲಸಿದ್ದು ಯಾರ ಕೈ? ಹನ್ನೊಂದು ವರ್ಷ ಆಲೂಗಡ್ಡೆ ಹಿಸುಕಿದೋಳಿಗೆ ಎಂಜಲು ಯಾವುದು ಅಂತ ಗೊತ್ತಾಗಲ್ವಾ?"

ಅಕ್ಕನಿಗೆ ಕ್ಯಾರೆಟ್ಟಿನ ಚೂರು ನೆನಪಾಯಿತು, ಬಿಸ್ಕತ್ತು ನೆನಪಾಯಿತು. "ಗೊತ್ತಾಗಬೇಕಿತ್ತು" ಅಂದಳು.

"ಥೂ!" ಅಂದಳು ಆ ಹೆಂಗಸು. ಎಂಜಲು ಹಾರಿ ಅಕ್ಕನ ಏಪ್ರನ್ನಿಗೆ ಬಿತ್ತು.

ಮನೆಗೆ ಹೋದಾಗ ಗಂಡ ಮೆಷಿನ್ನಿನಿಂದ ತಲೆ ಎತ್ತದೆ ಎಡಗೈ ಚಾಚಿದ. ಅವಳು ನಿಂತಲ್ಲೇ ಹೇಳಿದಳು. ಅವನು ಪೂರ್ತಿ ಕೇಳಿ, ಎದ್ದು ನಲ್ಲಿಗೆ ಹೋಗಿ ಬಾಯಿ ಮುಕ್ಕಳಿಸಿದ. ಒಂದು ಸಲ, ಎರಡು ಸಲ, ಆಮೇಲೆ ಅವಳು ಎಣಿಸಲಿಲ್ಲ. ತಿರುಗಿ ಬಂದು, "ನಿನ್ನ ತಪ್ಪೇನಿದೆ ಇದರಲ್ಲಿ" ಅಂದ. ಆದರೆ ಅವತ್ತು ಹಸಿವಿಲ್ಲ ಅಂದ. ಮಾರನೇ ದಿನ ಅವಳು ಏಳುವಷ್ಟರಲ್ಲಿ ತಾನೇ ಒಲೆ ಹಚ್ಚಿ ಅಡುಗೆಗೆ ಇಟ್ಟಿದ್ದ. ಸುಸ್ತಾಗಿದ್ದೀಯ, ಕೂತ್ಕೊ ಅಂದ. ಅವನು ನೋಡುತ್ತಿದ್ದದ್ದು ಅವಳ ಮುಖವನ್ನಲ್ಲ, ಉಗುರುಗಳನ್ನು.

ಆಸ್ಪತ್ರೆಯಲ್ಲಿ ವಿಚಾರಣೆ ನಡೆಯಿತು. ಮ್ಯಾನೇಜರನ್ನು ಕೆಲಸದಿಂದ ತೆಗೆದರು, ಗಾಡಿಯಣ್ಣನನ್ನು ಹಿಂದಿನ ಗೇಟಿನ ಕಾವಲಿಗೆ ಹಾಕಿದರು. ಅಕ್ಕ ತಾನಾಗಿ ಹೇಳಿದಳೆಂಬ ಕಾರಣಕ್ಕೆ ಅವಳ ಕೆಲಸ ಉಳಿಯಿತು. ಹನ್ನೆರಡನೇ ಹಾಸಿಗೆಯ ಅಜ್ಜನ ಕಾಲು ಯಾಕೆ ದಿನೇ ದಿನೇ ಕಂಬದಂತೆ ಊದುತ್ತಿದೆ ಅಂತ ಡಾಕ್ಟರುಗಳು ತಲೆ ಕೆಡಿಸಿಕೊಂಡಿದ್ದರು. ಕಾರಣ ಅವಳಿಂದಲೇ ಗೊತ್ತಾಯಿತು. ಮಾತ್ರೆಯನ್ನು ಕಣ್ಣೆದುರೇ ನುಂಗಿಸಲು ಶುರು ಮಾಡಿದ ಮೇಲೆ ಊತ ಇಳಿಯಿತು. ಅಕ್ಕ ಒಮ್ಮೆ ಅವನ ಹಾಸಿಗೆಯ ಬಳಿ ಹೋಗಿ ಕೇಳಿದಳು, "ಆಲೂಗಡ್ಡೇಲಿ ಯಾಕೆ ಮುಚ್ಚಿಡ್ತಿದ್ರಿ ಅಜ್ಜ?"

"ಗೋಡೆಗೆ ಹಚ್ಚೋ ಗಾರೆ ತರ ಇತ್ತಲ್ಲಮ್ಮ. ಯಾರು ತಾನೇ ಅದನ್ನ ಕೆದಕಿ ನೋಡ್ತಾರೆ ಅಂದ್ಕೊಂಡೆ" ಅಂದ ಅಜ್ಜ. ಅವಳು ನಗಬೇಕೆಂದುಕೊಂಡಳು. ಬಾಯಿಗೆ ಸೆರಗು ಒತ್ತಿಕೊಂಡು ಮೆಟ್ಟಿಲಿನ ಕಡೆ ನಡೆದಳು.

ಕ್ಯಾಂಟೀನಿನ ಕಿಟಕಿಯಲ್ಲಿ ಈಗ ಚಹಾ ಮಾತ್ರ. ಅದನ್ನೂ ಮೊದಲ ತಿಂಗಳು ಯಾರೂ ಅವಳ ಕೈಯಿಂದ ತೆಗೆದುಕೊಳ್ಳಲಿಲ್ಲ. ಆಮೇಲೆ ಎಕ್ಸರೇಯವನು ಬಂದ, ಅವನ ಹಿಂದೆ ಒಬ್ಬಿಬ್ಬರು. ಮನೆಯಲ್ಲಿ ಎರಡು ತಿಂಗಳ ಮೇಲೆ ಗಂಡ ಅವಳು ಬಡಿಸಿದ್ದನ್ನು ಉಂಡ. ಮೊದಲ ತುತ್ತನ್ನು ಬಾಯಲ್ಲಿ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು, ಆಮೇಲೆ ನುಂಗಿದ. ಅವಳು ಅದನ್ನು ಕಾಣದವಳಂತೆ ನೀರು ತರಲು ಎದ್ದಳು.

ವಾರ್ಡಿಗೆ ಆಲೂಗಡ್ಡೆ ಮಾತ್ರ ದಿನಾ ಬೇಯಲೇಬೇಕು. ಅವಳು ಈಗ ಕೈಗವಸು ಹಾಕಿಕೊಂಡು, ಮುಖ ಪಕ್ಕಕ್ಕೆ ತಿರುಗಿಸಿ ಕಿವುಚುತ್ತಾಳೆ. ಉಪ್ಪು ನೋಡಲು ಬೇರೆ ಯಾರನ್ನಾದರೂ ಕರೆಯುತ್ತಾಳೆ.