ಹೊಸ್ತಿಲ ಹೊರಗಿನ ಬೂಟು

ಗೋಪಾಲಪ್ಪನ ಮನೆಯೊಳಗೆ ಎಮ್ಮೆ ಹೋಗಬಹುದಿತ್ತು. ಎರಡು ಎತ್ತು, ಒಂದು ಕರು, ಜೋರು ಮಳೆ ಬಂದರೆ ಪಕ್ಕದ ಮನೆ ಬೈಲಪ್ಪನ ಕುರಿಗಳೂ ಹೋಗಬಹುದಿತ್ತು. ಬಾಗಿಲು ದಾಟಿದ ಕೂಡಲೇ ಬಲಕ್ಕೆ ಅವುಗಳ ಕೊಟ್ಟಿಗೆ. ಕೋಳಿಗಳಂತೂ ನಡುಮನೆಯವರೆಗೂ ನೆಂಟರ ಹಾಗೆ ಓಡಾಡುತ್ತಿದ್ದವು. ಹೋಗಬಾರದ್ದು ಒಂದೇ ಒಂದು, ಮಗಳು ಅನುಸೂಯಳ ಬೂಟು.

ಅದು ಬರೀ ಬೂಟಲ್ಲ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಅಳತೆ ತೆಗೆದು ಮಾಡಿಸಿದ್ದು: ಒಂದೊಂದು ಕಾಲಿಗೂ ತೊಡೆಯಿಂದ ಪಾದದವರೆಗೆ ಎರಡೂ ಪಕ್ಕ ಕಬ್ಬಿಣದ ಕಂಬಿ, ಮಂಡಿಯ ಹತ್ತಿರ ಕಾಲು ಬಗ್ಗದಂತೆ ಹಿಡಿಯುವ ಕೊಂಡಿ, ನಡುನಡುವೆ ಚರ್ಮದ ಪಟ್ಟಿ, ಕೊನೆಗೆ ಕಂಬಿಗೇ ಸೇರಿಸಿ ಬಡಿದ ಕರಿ ಬೂಟು. ಆಸ್ಪತ್ರೆಯವರು ಅದನ್ನು ಕ್ಯಾಲಿಪರ್ ಅನ್ನುತ್ತಿದ್ದರು. ಕುಂದಾಣದ ಆಚೆಯ ಆ ಹಳ್ಳಿಯಲ್ಲಿ ಯಾರೋ ಕಬ್ಬಿಣದ ಬೂಟು ಅಂದರು, ಆ ಹೆಸರೇ ನಿಂತುಹೋಯಿತು. ಅದನ್ನು ಕಟ್ಟಿಕೊಂಡು, ಎರಡೂ ಕಂಕುಳಿಗೆ ಊರುಗೋಲು ಕೊಟ್ಟುಕೊಂಡು ಅನುಸೂಯ ಬೀದಿಯಲ್ಲಿ ನಡೆಯುತ್ತಿದ್ದಳು, ಸ್ಕೂಲಿಗೆ ಹೋಗುತ್ತಿದ್ದಳು. ಮನೆಗೆ ಬಂದರೆ ಮಾತ್ರ ಜಗಲಿಯ ಮೇಲೆ ಕೂತು, ಪಟ್ಟಿಗಳನ್ನೆಲ್ಲ ಬಿಚ್ಚಿ, ಅಪ್ಪನ ಎಕ್ಕಡದ ಪಕ್ಕದಲ್ಲಿ ಬೂಟು ಇಟ್ಟು, ಹೊಸ್ತಿಲನ್ನು ತೆವಳಿಕೊಂಡು ದಾಟುತ್ತಿದ್ದಳು. ಊರಿಗೆಲ್ಲ ನಿಂತು ಕಾಣುವ ಹುಡುಗಿ ಮನೆಯವರಿಗೆ ನೆಲದ ಮೇಲೆಯೇ ಕಾಣುತ್ತಿದ್ದಳು.

ಅವಳು ಏಳು ತಿಂಗಳಿಗೇ ಹುಟ್ಟಿದ ಮಗು. ಹುಟ್ಟಿದಾಗ ಎಷ್ಟು ಹೊತ್ತಾದರೂ ಅಳಲಿಲ್ಲ. ಕೂರುವ ವಯಸ್ಸಿಗೆ ಕೂರಲಿಲ್ಲ, ಎತ್ತಿ ನಿಲ್ಲಿಸಿದರೆ ಎರಡು ಕಾಲೂ ಕತ್ತರಿಯ ಹಾಗೆ ಒಂದರ ಮೇಲೊಂದು ಬಂದು ಬಿಗಿದುಕೊಳ್ಳುತ್ತಿದ್ದವು. ಬುದ್ಧಿ ಮಾತ್ರ ಚುರುಕು, ಬಾಯಂತೂ ಇನ್ನೂ ಚುರುಕು. ಗೋಪಾಲಪ್ಪನ ತಾಯಿ ಮುನಿತಾಯಮ್ಮ ಮೊಮ್ಮಗಳನ್ನು ಕೈಬಿಟ್ಟವಳಲ್ಲ. ದಿನಾ ಬೆಳಗ್ಗೆ ಹರಳೆಣ್ಣೆ ಕಾಯಿಸಿ ಕಾಲು ನೀವಿದಳು. ಯಾರೋ ಹೇಳಿದರೆಂದು ಹೊಲದಲ್ಲಿ ಗುಂಡಿ ತೋಡಿಸಿ, ಮಗುವನ್ನು ಸೊಂಟದವರೆಗೆ ಬೆಚ್ಚನೆ ಮಣ್ಣಿನಲ್ಲಿ ಹೂತು ನಿಲ್ಲಿಸಿದಳು. ಮಗು ಅತ್ತಾಗ ಎದುರಿಗೆ ಕೂತು ತಾನೂ ಅತ್ತಳು. ಕೊನೆಗೆ ಅರವತ್ತೇಳನೇ ಇಸವಿಯಲ್ಲಿ ದೇವನಹಳ್ಳಿಯ ಡಾಕ್ಟರು ಬೆಂಗಳೂರಿಗೆ ಕಳಿಸಿದರು.

ಬೆಂಗಳೂರಿನಲ್ಲಿ ಮಕ್ಕಳಿಗೆ ಕಸರತ್ತು ಮಾಡಿಸುವ ಮೇಡಂ ಒಬ್ಬರಿದ್ದರು. ಕಾಲಿನಲ್ಲಿ ದೋಷವಿಲ್ಲ, ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿದೆ, ಅಲ್ಲಿಂದ ಕಾಲಿಗೆ ಬರಬೇಕಾದ ಅಪ್ಪಣೆ ಅಡ್ಡಾದಿಡ್ಡಿಯಾಗಿ ಬಂದು ಮಾಂಸಖಂಡ ಬಿಗಿಯುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಇದಕ್ಕೆ ಔಷಧಿ ಇಲ್ಲ, ಅಭ್ಯಾಸ ಮಾಡಿಸಿದರೆ ನಡೆಯುತ್ತಾಳೆ ಅಂದರು. ಬೂಟು ಕೊಟ್ಟು, ಇಡೀ ದಿನ ಹಾಕಿಸಿ ಎಂದು ಒತ್ತಿ ಹೇಳಿದರು. ಗೋಪಾಲಪ್ಪ ಆಗಲಿ ಅಂದ. ಇಡೀ ದಿನ ಅಂದರೆ ಮನೆಯೊಳಗೂ ಎಂದು ಅವರು ಹೇಳಲಿಲ್ಲ, ಮನೆಯೊಳಗೂ ಹಾಕಬೇಕೆ ಎಂದು ಇವನು ಕೇಳಲಿಲ್ಲ. ಇಬ್ಬರಿಗೂ ಅದು ಕೇಳಿ ತಿಳಿಯುವಂಥ ಸಂಗತಿಯಾಗಿ ಕಂಡಿರಲಿಲ್ಲ.

ಬೂಟು ಬರುವ ಮುಂಚೆ ಅನುಸೂಯಳನ್ನು ನೆಲದ ಮೇಲಿರುವುದು ಅಷ್ಟೊಂದು ಬಾಧಿಸುತ್ತಿರಲಿಲ್ಲ. ನಿಂತು ನೋಡಿದ ಮೇಲೆ ಬಾಧಿಸತೊಡಗಿತು. ಮನೆಯ ಪ್ರತಿಯೊಂದು ವಸ್ತುವೂ ಅವಳಿಗೆ ತನ್ನ ತಳವನ್ನಷ್ಟೇ ತೋರಿಸುತ್ತಿತ್ತು: ಗೂಡಿನ ಅಡಿ, ತೊಟ್ಟಿಲ ಅಡಿ, ಅಮ್ಮನ ಗಲ್ಲದ ಅಡಿ. ಎಲ್ಲಕ್ಕಿಂತ ಹೆಚ್ಚಾಗಿ ಅವಳ ಜೀವ ಎಳೆಯುತ್ತಿದ್ದದ್ದು ನಡುಮನೆಯ ಕಂಬದ ಕಡೆಗೆ. ಅಜ್ಜಿ ಬೆಳಗ್ಗೆ ಅಲ್ಲಿ ನಿಂತು ಮೊಸರು ಕಡೆಯುತ್ತಿದ್ದಳು. ಆಳೆತ್ತರದ ಕಡೆಗೋಲು, ಅದಕ್ಕೆ ಸುತ್ತಿದ ಹಗ್ಗ. ಬಲಗೈ ಎಳೆದರೆ ಎಡಗೈ ಬಿಡಬೇಕು, ಎಡಗೈ ಎಳೆದರೆ ಬಲಗೈ. ಅನುಸೂಯ ಕೆಳಗೆ ಕೂತು ನೋಡುತ್ತಿದ್ದಳು. ಕಡೆದಾದ ಮೇಲೆ ಅಜ್ಜಿ ಬಗ್ಗಿ ಅವಳ ಬಾಯಿಗೆ ಬೆಣ್ಣೆ ಇಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಬೆಣ್ಣೆಯಲ್ಲ, ಹಗ್ಗ. ಅಲ್ಲಿ ನಿಂತು, ಅಜ್ಜಿಯಿಂದ ಆ ಹಗ್ಗ ಇಸಿದುಕೊಂಡು ಎಳೆಯಬೇಕೆಂಬ ಆಸೆ ಅವಳನ್ನು ಪಾಠದ ನಡುವೆಯೂ ಬಿಡುತ್ತಿರಲಿಲ್ಲ.

ಒಂದು ಸಲ ವೆಂಕಟರಾಯಪ್ಪನ ಮಗಳು, ಸ್ಕೂಲಿನಲ್ಲಿ ಪಕ್ಕ ಕೂರುವವಳು, ಪುಸ್ತಕ ಕೇಳಲು ಹೇಳದೆ ಕೇಳದೆ ಒಳಗೇ ಬಂದುಬಿಟ್ಟಳು. ಅನುಸೂಯ ಕೈಯೂರಿ ತೆವಳುತ್ತಿದ್ದಳು. ಗೆಳತಿಯ ಮುಖ ನೋಡಿದ್ದೇ, ನೆಲದ ಮೇಲೆ ಏನೋ ಬಿದ್ದು ಹೋಗಿದೆ ಎಂಬಂತೆ ಸಗಣಿ ಸಾರಿಸಿದ ನೆಲವನ್ನು ಬೆರಳಿನಿಂದ ತಡಕಾಡತೊಡಗಿದಳು. ಆ ಹುಡುಗಿ ಒಳ್ಳೆಯವಳು. ತಾನೂ ಬಗ್ಗಿ, ಏನು ಅಂತ ಕೇಳದೆ, ಸ್ವಲ್ಪ ಹೊತ್ತು ಜೊತೆಗೆ ಹುಡುಕಿದಳು. ಅನುಸೂಯಳಿಗೆ ಅದರಿಂದ ಇನ್ನಷ್ಟು ನೋವಾಯಿತು.

ಅವತ್ತು ಸಂಜೆ ಅವಳು ಹಟ ಹಿಡಿದಳು. ಅಜ್ಜಿ ಬಗ್ಗಲಿಲ್ಲ. ಮನೆದೇವರು ಇರುವ ಮನೆ, ಒಲೆ ಇರುವ ಮನೆ. ಊರ ಹೇಸಿಗೆಯನ್ನೆಲ್ಲ ಮೆಟ್ಟಿ ಬಂದ ಚರ್ಮ ಒಳಗೆ ಬಂದರೆ ಏಳಿಗೆಯಾಗುತ್ತದೆಯೆ ಎಂಬುದು ಅವಳ ವಾದ. ಗಂಡ ಸತ್ತು, ಹೊಲ ದಾಯಾದಿಗಳ ಪಾಲಾಗುವ ಹಾಗಿದ್ದಾಗ ಆ ದೇವರ ಮುಂದೆ ದೀಪ ಹಚ್ಚಿಟ್ಟುಕೊಂಡು ಮನೆ ಉಳಿಸಿಕೊಂಡವಳು ಅವಳು. ಅವಳ ಭಯ ಸುಮ್ಮನೆ ಬಂದದ್ದಲ್ಲ. ಆದರೂ ಮೊಮ್ಮಗಳ ಅಳು ತಡೆಯದೆ ಹಳೇ ಸೀರೆ ಹರಿದು ಕೊಟ್ಟು, ಅವಳ ಕೈಯಲ್ಲೇ ಬೂಟಿಗೆ ಸುತ್ತಿಸಿ ಒಳಗೆ ಬಿಟ್ಟು ನೋಡಿದಳು. ಬಟ್ಟೆ ಜಾರಿತು, ಅನುಸೂಯ ಮುಗ್ಗರಿಸಿ ಬಿದ್ದು ಗಲ್ಲ ಒಡೆದುಕೊಂಡಳು. ಬೂಟು ಮತ್ತೆ ಎಕ್ಕಡದ ಪಕ್ಕಕ್ಕೆ ಹೋಯಿತು.

ಎರಡು ವರ್ಷ ಹೀಗೇ ಕಳೆಯಿತು. ಕಾಲು ಬೆಳೆದು ಬೂಟು ಚಿಕ್ಕದಾಯಿತು ಎಂದು ಮತ್ತೆ ಬೆಂಗಳೂರಿಗೆ ಹೋದರು. ಜೊತೆಗೆ ಅಜ್ಜಿಯೂ ಹೊರಟಳು. ಮೇಡಂ ಅನುಸೂಯಳನ್ನು ಮಲಗಿಸಿ ಮಂಡಿ ನೆಟ್ಟಗೆ ಮಾಡಲು ನೋಡಿದರು, ಅದು ಪೂರ್ತಿ ನೆಟ್ಟಗಾಗಲಿಲ್ಲ. ಇಡೀ ದಿನ ಹಾಕುತ್ತೀರಾ ಎಂದು ಕೇಳಿದರು. ಹಾಕುತ್ತೇವೆ ಎಂದ ಗೋಪಾಲಪ್ಪ, ಸುಳ್ಳು ಹೇಳುತ್ತಿದ್ದೇನೆಂದು ಅವನಿಗೆ ಅನ್ನಿಸಲೇ ಇಲ್ಲ.

"ಮನೇಲಿ ಇಲ್ಲ," ಅಂದಳು ಅನುಸೂಯ. "ಹೊಸ್ಲು ಬಂದ್ರೆ ಬಿಚ್ತೀನಿ."

ಮೇಡಂ ಗೋಪಾಲಪ್ಪನ ಮುಖ ನೋಡಿದರು.

"ಬೂಟಲ್ವಾ ತಾಯಿ?" ಅಂದ ಅವನು.

ಮೇಡಂಗೆ ಸಿಟ್ಟು ಬಂತು, ಆಮೇಲೆ ಇಳಿಯಿತು. ಎರಡು ವರ್ಷ ತಾನೂ ಕೇಳಲಿಲ್ಲವಲ್ಲ ಎಂದು ತಮ್ಮನ್ನೇ ಬೈದುಕೊಂಡರು. ಬಳಿಕ ಅಜ್ಜಿಯ ಎದುರು ಕೂತು ನಿಧಾನವಾಗಿ ಹೇಳಿದರು: ಹೊರಗೆ ನಿಂತು ಗಳಿಸಿದ್ದನ್ನೆಲ್ಲ ಹುಡುಗಿ ಒಳಗೆ ತೆವಳಿ ಕಳೆದುಕೊಂಡಿದ್ದಾಳೆ, ಮಂಡಿ ಬಗ್ಗಿದ ಹಾಗೇ ಗಟ್ಟಿಯಾಗುತ್ತಿದೆ. ಈಗ ಪ್ಲಾಸ್ಟರ್ ಹಾಕಿ ನೆಟ್ಟಗೆ ಮಾಡಬಹುದು. ಮತ್ತೆ ತೆವಳಿದರೆ ಮುಂದಿನ ಸಲ ಬೂಟಿನಿಂದಲೂ ಆಗುವುದಿಲ್ಲ, ಮನೆಯಲ್ಲೂ ಬೀದಿಯಲ್ಲೂ ಜೀವನವಿಡೀ ನೆಲವೇ. ಪ್ಲಾಸ್ಟರ್ ಇದ್ದಷ್ಟು ದಿನವೂ ಅಜ್ಜಿ ಮೊಮ್ಮಗಳ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿದಳು.

ಊರಿಗೆ ಹೊರಡುವ ದಿನ ಅವಳೇ ಒಂದು ದಾರಿ ಕಂಡುಹಿಡಿದಳು. ಹೊಸ ಬೂಟು ಇನ್ನೂ ಬೀದಿ ಮೆಟ್ಟಿಲ್ಲ. ಆಸ್ಪತ್ರೆಯ ನೆಲ ಫಿನೈಲಿನಲ್ಲಿ ಒರೆಸಿದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಮಗುವನ್ನು ಹೊತ್ತುಕೊಂಡು ಹೋಗಿ ಮನೆಯೊಳಗೇ ಇಳಿಸಿದರೆ ಬೂಟಿಗೆ ಯಾವ ಮೈಲಿಗೆ? ಹಾಗೇ ಆಯಿತು. ಬಸ್ಸಿಳಿದ ಮೇಲೆ ಗೋಪಾಲಪ್ಪ ಮಗಳನ್ನು ಬೆನ್ನ ಮೇಲೆ ಹೊತ್ತ, ಅಜ್ಜಿ ಬೂಟನ್ನು ಟವೆಲಿನಲ್ಲಿ ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡು ನಡೆದಳು. ಎದುರಾದವರು ಏನು ತಂದೆ ಮುನಿತಾಯಕ್ಕ ಅಂದರೆ, ಕಾಲು ತಂದೆ ಅಂದಳು. ಮನೆಯಲ್ಲಿ ಆಯುಧಪೂಜೆಗೆ ನೇಗಿಲು ಕುಡುಗೋಲುಗಳ ಸಾಲಿನಲ್ಲಿ ಬೂಟನ್ನೂ ಇಟ್ಟು, ಅರಿಶಿನ ಕುಂಕುಮ ಹಚ್ಚಿ ಕೈಮುಗಿದಳು.

ದಸರಾ ರಜದ ಆ ದಿನಗಳಲ್ಲಿ ಅನುಸೂಯ ತನ್ನ ಮನೆಯನ್ನು ಮೊದಲ ಸಲ ಮೇಲಿನಿಂದ ಕಂಡಳು. ಗೂಡಿನೊಳಗೆ ಏನಿದೆಯೆಂದು ಕಂಡಳು. ಅಮ್ಮ ಮುನಿವೆಂಕಟಮ್ಮನ ಬೈತಲೆಯ ಹತ್ತಿರ ಆಗಲೇ ಬೆಳ್ಳಗಾಗಿದ್ದ ಕೂದಲು ಕಂಡಳು. ಗೋಡೆಯ ಫೋಟೋದಲ್ಲಿದ್ದ ತಾತ ಕೆಳಗಿನಿಂದ ಸಿಟ್ಟಿನವನಂತೆ ಕಾಣುತ್ತಿದ್ದ, ಎದುರಿಗೆ ನಿಂತರೆ ನಗು ತಡೆದುಕೊಂಡಿರುವವನು. ಮೂರನೇ ದಿನ ಬೆಳಗ್ಗೆ ಅಜ್ಜಿ ತಾನಾಗಿಯೇ ಕರೆದು, ಬೆನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಊರುಗೋಲು ತೆಗೆದಿಟ್ಟು ಎರಡೂ ಕೈಗೆ ಹಗ್ಗ ಕೊಟ್ಟಳು. ಮೊದಲು ಮೊಸರು ಮೈಮೇಲೆಲ್ಲ ಸಿಡಿಯಿತು. ಆಮೇಲೆ ಲಯ ಸಿಕ್ಕಿತು. ಬೆಣ್ಣೆ ಬಂದಾಗ ಅವಳಿಗೆ ಖುಷಿಯಿಂದ ಅಳು ಬಂತು, ಅಜ್ಜಿಗೂ ಬಂತು.

ರಜ ಮುಗಿಯುತ್ತಾ ಬಂದಂತೆ ಮನೆಯಲ್ಲಿ ಯಾರೂ ಸ್ಕೂಲಿನ ಮಾತೆತ್ತಲಿಲ್ಲ. ಎತ್ತಿದವಳು ಅನುಸೂಯಳೇ. ಅಜ್ಜಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಹೊರಗಡೆ ಇಳಿದ್ರೆ ಅದು ಮತ್ತೆ ಒಳಕ್ಕೆ ಬರಂಗಿಲ್ಲ ಕಣೇ," ಅಂದಳು. "ಓದು ಬರೆಯೋದು ಬಂದಯ್ತೆ. ಮನೇಲಿ ನಿಂತ್ಕೋ ಮಗ, ಸಾಕು."

ಅಪ್ಪ ಹೊತ್ತುಕೊಂಡು ಹೋಗಿ ಬಿಡುತ್ತೇನೆ ಅಂದ. ಹನ್ನೊಂದು ತುಂಬಿದ ಹುಡುಗಿ ಅಪ್ಪನ ಬೆನ್ನೇರಿ ಸ್ಕೂಲಿಗೆ ಹೋಗುವುದನ್ನು ಊರು ನೋಡುವುದಕ್ಕಿಂತ ಸ್ಕೂಲು ಬಿಡುವುದೇ ಮೇಲು ಅನ್ನಿಸಿತು ಅವಳಿಗೆ. ಅವತ್ತೆಲ್ಲ ಅವಳು ಕಂಬಕ್ಕೂ ಬಾಗಿಲಿಗೂ ನಡುವೆ ಓಡಾಡಿದಳು. ಬೇಕಾಗಿದ್ದದ್ದು ಎರಡೂ. ಬೀದಿಯಲ್ಲಿ ಹುಡುಗಿಯರ ಜೊತೆ ನಡೆಯುವುದೂ ಬೇಕು, ಈ ಹಗ್ಗವೂ ಬೇಕು. ಎಲ್ಲರ ಮಕ್ಕಳೂ ಕೇಳದೆಯೇ ಎರಡನ್ನೂ ಪಡೆದಿದ್ದರು. ಅವಳೊಬ್ಬಳಿಗೆ ಮಾತ್ರ ಒಂದನ್ನು ಆರಿಸಿಕೋ ಅನ್ನುತ್ತಿದ್ದರು. ಇದು ಯಾವ ನ್ಯಾಯ?

ಸೋಮವಾರ ಬೆಳಗ್ಗೆ ಅಮ್ಮ ಏನೂ ಹೇಳದೆ ಅವಳ ತಲೆ ಬಾಚಿ, ಎರಡು ಜಡೆ ಹಾಕಿ, ಪುಸ್ತಕದ ಚೀಲವನ್ನು ಕೊರಳಿಗೆ ತೊಡಿಸಿದಳು. ಅತ್ತೆಯ ಎದುರು ಅವಳು ಆಡಬಲ್ಲ ಮಾತು ಅಷ್ಟೇ. ವೆಂಕಟರಾಯಪ್ಪನ ಮಗಳು ಬೀದಿಯಿಂದ ಕೂಗಿದಳು. ಅನುಸೂಯ ಹೊಸ್ತಿಲು ದಾಟಿ, ಜಗಲಿ ಇಳಿದು, ಕೆಸರಿನಲ್ಲಿ ಬೂಟು ಊರಿದಳು. ಅಜ್ಜಿ ಅದನ್ನು ನೋಡಿ ಎದ್ದು ಒಳಗೆ ಹೋದಳು.

ಅವತ್ತು ಸ್ಕೂಲಿನಲ್ಲಿ ಮೇಷ್ಟ್ರು ಹೇಳಿದ್ದೊಂದೂ ಅವಳ ತಲೆಗೆ ಹೋಗಲಿಲ್ಲ. ಕಂಬ, ಗೋಡೆಯ ತಂಪು, ಅಂಗೈಗೆ ಒರಟಾಗಿ ತಾಗುವ ಹಗ್ಗ, ಇವೇ ಕಣ್ಣ ಮುಂದೆ. ಬೆಳಗ್ಗೆಯಷ್ಟೇ ಬಿಟ್ಟು ಬಂದ ಮನೆಗಾಗಿ ಅವಳು ಪರದೇಶಕ್ಕೆ ಹೋದವಳಂತೆ ಹಂಬಲಿಸಿದಳು.

ಸಂಜೆ ಬಂದು ಜಗಲಿಯ ಮುಂದೆ ನಿಂತಳು. ಅಜ್ಜಿ ಬಾಗಿಲಲ್ಲೇ ಇದ್ದಳು. ಕೂತು ಬಿಚ್ಚು ಎಂದಳು. ಅನುಸೂಯ ಕೂರಲಿಲ್ಲ.

"ನಾನು ಇನ್ನ ತೆವಳಲ್ಲ ಅಜ್ಜಿ," ಅಂದಳು. "ಬಿಟ್ರೆ ಒಳಗೆ ಬರ್ತೀನಿ. ಬಿಡ್ದಿದ್ರೆ ಇಲ್ಲೇ ನಿಂತಿರ್ತೀನಿ."

ಅವಳು ನಿಂತಳು. ಗೋಪಾಲಪ್ಪ ಹೊಲದಿಂದ ಬಂದವನು ಇಬ್ಬರ ಮುಖವನ್ನೂ ನೋಡಿ, ಒಳಗೆ ಹೋಗಲಾರದೆ, ಜಗಲಿಯ ಮೂಲೆಯಲ್ಲಿ ತಲೆ ತಗ್ಗಿಸಿ ಕೂತ. ಬಿಸಿಲು ಹೋಗಿ ಕುಳಿರ್ಗಾಳಿ ಬೀಸತೊಡಗಿತು. ಅನುಸೂಯಳ ಕಂಕುಳು ಊರುಗೋಲಿನ ಮೇಲೆ ಬೇಯುತ್ತಿತ್ತು, ತೊಡೆ ನಡುಗುತ್ತಿತ್ತು. ದೀಪ ಹಚ್ಚುವ ಹೊತ್ತಾಯಿತು. ಅಜ್ಜಿ ಒಮ್ಮೆ ಒಳಗಿನ ದೇವರ ಗೂಡಿನ ಕಡೆ ನೋಡಿದಳು, ಒಮ್ಮೆ ನಡುಗುವ ಆ ಕಾಲುಗಳ ಕಡೆ ನೋಡಿದಳು. ಆಮೇಲೆ ಹೊರಗೆ ಬಂದು ಮೆಟ್ಟಿಲ ಮೇಲೆ ಕುಕ್ಕರಿಸಿದಳು.

"ಕಂಬ ಹಿಡ್ಕೋ," ಅಂದಳು.

ಜಗಲಿ ಹತ್ತಿ, ಅಲ್ಲಿಯ ಕಂಬ ಹಿಡಿದು ನಿಂತ ಮೊಮ್ಮಗಳ ಎಡಗಾಲನ್ನು, ಕಂಬಿ ಬೂಟು ಸಮೇತ, ಎರಡೂ ಕೈಯಿಂದ ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಜೀವಮಾನದಲ್ಲಿ ಗಂಡನ ಎಕ್ಕಡವನ್ನೂ ಕೈಯಲ್ಲಿ ಮುಟ್ಟದವಳು ಸೆರಗು ತೆಗೆದು ಅಟ್ಟೆಯ ಕೆಸರನ್ನು ಒರೆಸಿದಳು. ಸಂದಿನಲ್ಲಿ ಕೂತಿದ್ದ ಸಗಣಿಯನ್ನು ಉಗುರಿನಿಂದ ಕೆರೆದು ತೆಗೆದಳು. ಬಳಿಕ ಬಲಗಾಲು. ಗೋಪಾಲಪ್ಪ ಗಾಬರಿಯಿಂದ ಎದ್ದು ನಾನು ಮಾಡ್ತೀನಿ ಬಿಡವ್ವ ಅಂದರೂ ಅವನತ್ತ ತಿರುಗಲಿಲ್ಲ.

"ಈಗ ಹೋಗು," ಅಂದಳು.

ಅನುಸೂಯ ನಿಂತೇ ಹೊಸ್ತಿಲು ದಾಟಿದಳು. ಒಳಗೆ ನಾಲ್ಕು ಹೆಜ್ಜೆ ಹಾಕಿ ತಿರುಗಿ ನೋಡಿದರೆ ಅಜ್ಜಿ ಹಿಂದೆ ಇರಲಿಲ್ಲ. ಬೂಟು ಮುಟ್ಟಿದ ಮೈಯಲ್ಲಿ ಅವಳು ಆ ಮನೆಯೊಳಗೆ ಕಾಲಿಡುವವಳಲ್ಲ. ಪಕ್ಕದ ಸಂದಿಯಲ್ಲಿ ಬಳಸಿಕೊಂಡು ಹಿತ್ತಿಲಿಗೆ ಹೋಗಿದ್ದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಚೊಂಬು ಚೊಂಬು ತಣ್ಣೀರು ಕಲ್ಲಿನ ಮೇಲೆ ಬೀಳುವ ಸದ್ದು ಕೇಳಿತು, ಜೊತೆಗೆ ಚಳಿಗೆ ಅಜ್ಜಿ ಉಸಿರೆಳೆದುಕೊಳ್ಳುವ ಸದ್ದು.

ಅನುಸೂಯ ಮೊಸರು ಕಡೆಯುವ ಕಂಬದ ಹತ್ತಿರ ನಿಲ್ಲಲಿಲ್ಲ. ಗಳುವಿನ ಮೇಲೆ ಒಣಗಿದ್ದ ಅಜ್ಜಿಯ ಸೀರೆಯನ್ನು ಕೈ ಚಾಚಿ ಎಳೆದು ಹೆಗಲಿಗೆ ಹಾಕಿಕೊಂಡು, ನಡುಮನೆ ದಾಟಿ ಹಿತ್ತಿಲ ಬಾಗಿಲಿಗೆ ಹೋದಳು. ಅಜ್ಜಿ ಒದ್ದೆ ಸೀರೆಯಲ್ಲಿ ಎರಡು ಕೈಯನ್ನೂ ಎದೆಗೆ ಅವುಚಿಕೊಂಡು ನಿಂತಿದ್ದಳು. ಬಿಳಿ ಕೂದಲಿನಿಂದ ನೀರು ಇಳಿಯುತ್ತಿತ್ತು.

"ಅಜ್ಜಿ, ದಿನಾ ಹಿಂಗೇ ಮಾಡ್ತೀಯಾ?"

"ಇಸ್ಕೂಲು ದಿನಾ ಇರ್ತದಲ್ವಾ?" ಅಂದಳು ಅಜ್ಜಿ, ಕೈ ಚಾಚಿ. "ಸೀರೆ ಕೊಡು, ಚಳಿ ಆಯ್ತದೆ."