ಕಿನ್‌ರಾವಿ ಕೋಟೆಯ ಬಡಗಿ

ಸ್ಟರ್ಲಿಂಗ್ ಪಟ್ಟಣ ದಾಟಿ ಪ್ರವಾಸದ ಬಸ್ಸು ಬೆಟ್ಟದ ದಾರಿ ಹಿಡಿಯುವ ಹೊತ್ತಿಗೆ ಗೈಡ್ ರೋರಿ ಎದ್ದು ನಿಂತ. ಮೈಮೇಲಿನ ಕಾಗೆಪುಕ್ಕದ ನಿಲುವಂಗಿಯನ್ನು ಸರಿಮಾಡಿಕೊಂಡು ಮೈಕಿಗೆ ಉಫ್ ಉಫ್ ಎಂದು ಊದಿದ.

"ಮಹಾಜನಗಳೇ, ಒಂದು ಕೆಟ್ಟ ಸುದ್ದಿ, ಒಂದು ಒಳ್ಳೇ ಸುದ್ದಿ. ಡನೋರಿ ಕೋಟೇಲಿ ಗೋಡೆ ಕಲ್ಲು ಉರುಳಿದೆಯಂತೆ, ಬಾಗಿಲು ಹಾಕ್ಬಿಟ್ಟಿದ್ದಾರೆ. ಯಾರೂ ಮುಖ ಸಣ್ಣ ಮಾಡ್ಕೋಬೇಡಿ. ಅದರ ಬದ್ಲು ನಿಮ್ಮನ್ನ ಕಿನ್‌ರಾವಿಗೆ ಕರ್ಕೊಂಡು ಹೋಗ್ತೀನಿ. 'ಕಾಗೆಯ ಕಿರೀಟ' ಧಾರಾವಾಹಿಯ ಮದುವೆ ಔತಣ ನಡೆದದ್ದು ಅಲ್ಲೇ. ದೆವ್ವಾನೂ ಇದೆ, ಅದಕ್ಕೆ ಬೇರೆ ಟಿಕೆಟ್ ಇಲ್ಲ!"

ಬಸ್ಸಿನಲ್ಲಿ ನಗು ಎದ್ದಿತು. ಮುಂದಿನ ಸಾಲಿನ ಹಳದಿ ಮಳೆಯಂಗಿಯ ಹೆಂಗಸು ಚಪ್ಪಾಳೆಯನ್ನೂ ತಟ್ಟಿದಳು. ಐದನೆಯ ಸಾಲಿನಲ್ಲಿ ಕಿಟಕಿಗೆ ಒರಗಿದ್ದ ಎಫೀ ಗೆಡಿಸ್ ಮಾತ್ರ ಕೈಲಿದ್ದ ಫ್ಲಾಸ್ಕಿನ ಮುಚ್ಚಳವನ್ನು ಸುಮ್ಮನೆ ತಿರುಗಿಸುತ್ತ ಕೂತಳು. ಮುಚ್ಚಳ ಆಗಲೇ ಬಿಗಿಯಾಗಿತ್ತು.

ಪಕ್ಕದಲ್ಲಿದ್ದ ಸೆಂಗಾಳ ಮುಖ ಬಿಳಿಚಿಕೊಂಡಿತು. ಫಾಲ್ಕರ್ಕಿನಲ್ಲಿ ಇಬ್ಬರದೂ ಒಂದೇ ಬೀದಿ, ಎದುರುಬದುರು ಮನೆ. ಚರ್ಚಿನ ಲಾಟರಿಯಲ್ಲಿ ಸೆಂಗಾಳಿಗೆ ಈ ಪ್ರವಾಸದ ಎರಡು ಟಿಕೆಟ್ ಬಂದಿದ್ದವು. ಬರುವುದೇ ಇಲ್ಲ ಎಂದು ಹಟ ಹಿಡಿದಿದ್ದ ಎಫೀಯನ್ನು, "ಡನೋರಿ, ಆಮೇಲೆ ಸರೋವರದ ಕೋಟೆ, ಅಷ್ಟೇ ಕಣೇ, ಕಿನ್‌ರಾವಿ ಸುದ್ದೀನೇ ಇಲ್ಲ," ಎಂದು ಚೀಟಿ ತೋರಿಸಿ ಒಪ್ಪಿಸಿದ್ದವಳು ಅವಳೇ.

"ಎಫೀ, ಇಳ್ದುಬಿಡೋಣ," ಎಂದು ಸೆಂಗಾ ಪಿಸುಗುಟ್ಟಿದಳು. "ಮುಂದಿನ ಊರಲ್ಲಿ ನಿಲ್ಸು ಅಂತೀನಿ. ನಂಗೆ ಹೊಟ್ಟೆ ಕೆಟ್ಟಿದೆ ಅಂತೀನಿ. ಇಡೀ ಬಸ್ಸಿಗೆ ಕೇಳೋ ಹಾಗೆ ಅಂತೀನಿ ಬೇಕಾದ್ರೆ."

"ಬೇಡ."

"ನಿನ್ನ ದಮ್ಮಯ್ಯ ಕಣೇ."

"ಆರು ವರ್ಷದಿಂದ ಆ ರಸ್ತೆ ಕಂಡ್ರೆ ಬಳಸ್ಕೊಂಡು ಹೋಗಿದ್ದೀನಿ. ನಾನ್ಯಾಕೆ ಬಳಸ್ಬೇಕು? ನಾನೇನು ಮಾಡಿದ್ದೆ? ಹೋಗ್ಲಿ ಬಸ್ಸು. ನೋಡೇಬಿಡ್ತೀನಿ."

ಎಫೀಯ ಗಂಡ ಡೂಗಲ್ ಸತ್ತದ್ದು ಕಿನ್‌ರಾವಿಯಲ್ಲಿ. ಅವನು ಬಡಗಿ. ಧಾರಾವಾಹಿಯವರು ಕೋಟೆಯ ದೊಡ್ಡ ಪಡಸಾಲೆಯಲ್ಲಿ ಔತಣದ ದೃಶ್ಯಕ್ಕೆಂದು ಮರದ ಅಟ್ಟಣಿಗೆಯೊಂದನ್ನು ಕಟ್ಟಿಸಿದ್ದರು. ವಾದ್ಯದವರು ನಾಲ್ಕೈದು ಜನ ಕೂರುವುದಕ್ಕೆ ಎಂದು ಹೇಳಿ ಕಟ್ಟಿಸಿದ ಅಟ್ಟಣಿಗೆ ಅದು. ಚಿತ್ರೀಕರಣದ ದಿನ ಯಾರಿಗೋ ಹೊಸ ಹುಮ್ಮಸ್ಸು ಬಂದು, ಅದರ ಮೇಲೆ ಒಂದು ಮಂದೆಯಷ್ಟು ಜನರನ್ನು ಹತ್ತಿಸಿ ಕುಣಿಸುತ್ತೇವೆ ಎಂದರು. ತಡೆಯುವುದಿಲ್ಲ, ಕೆಳಗೆ ಇನ್ನೆರಡು ಕಂಬ ಕೊಡದೆ ಹತ್ತಿಸಬೇಡಿ ಎಂದು ಡೂಗಲ್ ಹೇಳಿದ. ಬೆಳಕು ಹೋಗುತ್ತಿದೆ, ಹೊತ್ತಿಲ್ಲ ಎಂದರು. ಅವರು ಕುಣಿಯುತ್ತಿದ್ದಾಗಲೇ ಅವನು ಕಂಬ ಹೊತ್ತುಕೊಂಡು ಕೆಳಗೆ ನುಗ್ಗಿದ. ಅಷ್ಟರಲ್ಲಿ ಅಟ್ಟಣಿಗೆ ಕುಸಿಯಿತು. ಮೇಲಿದ್ದವರಿಗೆ ಕೈಕಾಲು ಮುರಿಯಿತು, ಯಾರೂ ಸಾಯಲಿಲ್ಲ. ಕೆಳಗಿದ್ದವನು ಸತ್ತ. ಅವನ ಕೋಟಿನ ಜೇಬಿನಲ್ಲಿ ಒಂದು ವಿಸ್ಕಿ ಬಾಟಲಿ ಸಿಕ್ಕಿತು. ಜೊತೆ ಕೆಲಸಗಾರನ ಮಗಳ ಮದುವೆಗೆಂದು ಕೊಂಡದ್ದು, ಬಿರಡೆಯ ಸೀಲು ಕೂಡ ಒಡೆದಿರಲಿಲ್ಲ. ವಿಚಾರಣೆಯಲ್ಲಿ ಬಾಟಲಿಯ ಮಾತು ಬಂತು, ಸೀಲಿನ ಮಾತು ಬರಲಿಲ್ಲ. ಕೊನೆಗೆ ದುರದೃಷ್ಟ, ಯಾರ ತಪ್ಪೂ ಅಲ್ಲ ಎಂದು ಕೈತೊಳೆದುಕೊಂಡರು. ಬಾಟಲಿಯ ಮಾತು ಮಾತ್ರ ಊರೂರಿಗೆ ಹಬ್ಬಿತು.

ಕಿನ್‌ರಾವಿ ತಲುಪಿದಾಗ ಹನಿ ಮಳೆ ಹಿಡಿದಿತ್ತು. ಪಡಸಾಲೆ ಎಫೀ ಅಂದುಕೊಂಡದ್ದಕ್ಕಿಂತ ಚಿಕ್ಕದು. ಇಷ್ಟೇ ಇಷ್ಟು ಜಾಗ. ಒಂದು ಬದಿಯ ಗೋಡೆಗೆ ಹೊಸದಾಗಿ ಇನ್ನೊಂದು ಅಟ್ಟಣಿಗೆ ಕಟ್ಟಿದ್ದರು, ಕಬ್ಬಿಣದ ಕಂಬ ತೊಲೆಗಳಿಗೆ ಹಲಗೆ ಹೊದಿಸಿ. ಈಗ ಕಬ್ಬಿಣ ಸಿಕ್ಕಿತಾ ನಿಮಗೆ ಎಂದು ಅವಳು ಹಲ್ಲು ಕಚ್ಚಿದಳು.

ರೋರಿ ಎಲ್ಲರನ್ನೂ ಅದರ ಕೆಳಗೆ ಗುಂಪುಗೂಡಿಸಿ ದನಿ ತಗ್ಗಿಸಿದ. ವಯಸ್ಸು ಮೂವತ್ತರ ಆಸುಪಾಸು, ಒಳ್ಳೆಯ ಕಂಠ. ನಾಟಕದಲ್ಲಿ ಪಾತ್ರ ಸಿಗದೆ ಈ ಕೆಲಸಕ್ಕೆ ಬಂದವನೆಂದು ಬೆಳಿಗ್ಗೆ ಅವನೇ ಹೇಳಿಕೊಂಡಿದ್ದ.

"ನೀವು ನಿಂತಿದ್ದೀರಲ್ಲ, ಅದೇ ಜಾಗ. ಇಲ್ಲೊಬ್ಬ ಬಡಗಿ ಇದ್ದ. ಕುಡುಕ ಡಗ್ಗಿ ಅಂತ. ಬೆಳಗಾದ್ರೆ ಬಾಟ್ಲಿ, ಸಂಜೆ ಆದ್ರೆ ಬಾಟ್ಲಿ. ಒಂದಿನ ಕುಡಿದ ಮತ್ತಲ್ಲಿ ಮೊಳೆ ಹೊಡೆಯೋದನ್ನೇ ಮರೆತ. ಕುಣಿಯೋರು ಕುಣಿದ್ರು, ಅಟ್ಟ ಅವನ ತಲೆ ಮೇಲೇ ಬಿತ್ತು! ಅವತ್ತಿಂದ ಇವತ್ತಿನವರೆಗೂ, ಮರೆತ ಆ ಮೊಳೆ ಹೊಡೀತಾ ಇಲ್ಲೇ ಅಲೀತಿದ್ದಾನೆ. ನಂಬಲ್ವಾ? ಯಾರಾದ್ರೂ ಹಲಗೆ ತಟ್ಟಿ ನೋಡಿ."

ಹಳದಿ ಮಳೆಯಂಗಿಯವಳು ನಗುತ್ತ ಮುಂದೆ ಬಂದು ಹಲಗೆ ತಟ್ಟಿದಳು. ಟಕ್ ಟಕ್ ಟಕ್. ಎಲ್ಲರೂ ಉಸಿರು ಹಿಡಿದರು. ಗೋಡೆಯೊಳಗಿಂದ ಬಂದಂತೆ ಉತ್ತರ ಬಂತು. ಟಕ್. ಟಕ್. ಟಕ್. ಯಾರೋ ಕಿಟಾರನೆ ಕಿರುಚಿದರು, ಉಳಿದವರು ಬಿದ್ದು ಬಿದ್ದು ನಕ್ಕರು. ಫೋನುಗಳು ಮೇಲೆದ್ದವು.

ಎಫೀ ನಿಂತ ಕಡೆಯಿಂದ ರೋರಿಯ ಬೆನ್ನು ಕಾಣುತ್ತಿತ್ತು. ಅವನ ಎಡಗೈ ಪುಕ್ಕದ ನಿಲುವಂಗಿಯೊಳಗೆ ಹಿಂದಕ್ಕೆ ಸರಿದಿತ್ತು. ಸೊಂಟಕ್ಕೆ ಸಿಕ್ಕಿಸಿದ್ದ ವೇಷದ ಕತ್ತಿಯ ಹಿಡಿಯಿಂದ ಅವನು ಕಂಬಕ್ಕೆ ಕುಟ್ಟುತ್ತಿದ್ದ.

ಅವಳು ನೆಟ್ಟಗೆ ನಡೆದು ಹೋಗಿ ಆ ಮಣಿಕಟ್ಟನ್ನು ಹಿಡಿದುಕೊಂಡಳು.

"ಇನ್ನೊಂದ್ಸಲ ಕುಟ್ಟು ನೋಡೋಣ."

"ಅಮ್ಮಾ, ಏನಿದು, ಬಿಡಿ..."

"ಅವನ ಹೆಸ್ರು ಡೂಗಲ್. ಡೂಗಲ್ ಗೆಡಿಸ್. ಡಗ್ಗಿ ಅಂತ ಅವನನ್ನ ಅವನ ತಾಯಿ ಕೂಡ ಕರೆದಿಲ್ಲ. ಅವನು ಮೊಳೆ ಮರೀಲಿಲ್ಲ ಕಣೋ. ಬೀಳುತ್ತೆ, ಹತ್ಬೇಡಿ ಅಂದ. ಯಾರೂ ಕೇಳ್ಲಿಲ್ಲ. ಬೀಳೋದನ್ನ ಹೆಗಲು ಕೊಟ್ಟು ತಡಿಯೋಕೆ ಹೋದ. ನಾನು ಅವನ ಹೆಂಡ್ತಿ."

ಮರುಕ್ಷಣ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ಸೇರಿಕೊಂಡರು. ನೋಡನೋಡುತ್ತ ಇಡೀ ಗುಂಪು ಚಪ್ಪಾಳೆ ತಟ್ಟತೊಡಗಿತು.

"ಅಬ್ಬಾ, ಬೆಳಿಗ್ಗೆಯಿಂದ ನಮ್ಮ ಜೊತೇಲೇ ಕೂತಿದ್ಲಲ್ಲ, ಗೊತ್ತೇ ಆಗ್ಲಿಲ್ಲ!" ಎಂದು ಒಬ್ಬ ದಪ್ಪ ಮನುಷ್ಯ ಪಕ್ಕದವಳಿಗೆ ಹೇಳಿದ. "ಏನು ನಟನೆ ರೀ! ಆ ಕಣ್ಣು ನೋಡಿ ಆ ಕಣ್ಣು!"

ಎಫೀಯ ಕೈ ತಾನಾಗಿ ಸಡಿಲವಾಯಿತು. ಬೈದಿದ್ದರೆ ಬೈಯಬಹುದಿತ್ತು, ಹೊಡೆದಿದ್ದರೆ ಹೊಡೆಯಬಹುದಿತ್ತು. ಚಪ್ಪಾಳೆಗೆ ಏನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ. ರೋರಿಗೆ ಮಾತ್ರ ಇದು ನಾಟಕವಲ್ಲವೆಂದು ಗೊತ್ತಾಗಿತ್ತು. ಅವನು ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಜನರ ಕಡೆ ನೋಡಿದ, ಅವಳ ಕಡೆ ನೋಡಿದ, ಆಮೇಲೆ ಜನರಿಗೆ ತಲೆಬಾಗಿ, "ಹಾಗಾದ್ರೆ ಈಗ ಅಂಗಡಿ ಕಡೆ ಹೋಗೋಣ," ಎಂದ.

ಸೆಂಗಾ ತಡೆಯಲಾರದೆ ಕೂಗಿದಳು. "ಥೂ ನಿನ್ನ! ಪುಕ್ಕ ಕಟ್ಕೊಂಡ ಕೋಳಿ!" ಅದಕ್ಕೂ ಜನ ನಕ್ಕರು.

ಅಂಗಡಿಯನ್ನು ದಾಟದೆ ಹೊರಗೆ ಹೋಗಲು ದಾರಿಯಿರಲಿಲ್ಲ. ಕಿರೀಟದ ಆಕಾರದ ಬಟ್ಟಲು, ಕಾಗೆ ಚಿತ್ರದ ಟವೆಲು, ಸಕ್ಕರೆ ಮಿಠಾಯಿಯ ಡಬ್ಬಿಗಳ ನಡುವೆ ಒಂದು ಇಡೀ ಕಪಾಟಿನ ತುಂಬ ಸಣ್ಣ ಗೊಂಬೆಗಳು. ಕೆಂಪು ಮೂಗು, ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಬಾಟಲಿ. ಹಳದಿ ಮಳೆಯಂಗಿಯವಳು ಒಂದನ್ನು ಕೊಂಡು ಅದರ ಹೊಟ್ಟೆ ಒತ್ತುತ್ತಿದ್ದಳು. ಗೊಂಬೆ ಟಕ್ ಟಕ್ ಎಂದು ಬಿಕ್ಕಳಿಸುತ್ತಿತ್ತು.

ಎಫೀ ಒಂದು ಗೊಂಬೆಯನ್ನು ಕೈಗೆತ್ತಿಕೊಂಡು ನೋಡಿದಳು. ಡೂಗಲ್‌ಗೆ ಮೀಸೆಯಿರಲಿಲ್ಲ, ಇದಕ್ಕೆ ಮೀಸೆಯಿತ್ತು. ಗೊಂಬೆಯನ್ನು ಮೆಲ್ಲಗೆ ಕೆಳಗಿಟ್ಟಳು. ಆಮೇಲೆ ತೋಳನ್ನು ಕಪಾಟಿನ ಈ ಕೊನೆಗಿಟ್ಟು ಆ ಕೊನೆಯವರೆಗೂ ಒಂದೇ ಸಲಕ್ಕೆ ಬಾಚಿದಳು. ಒಂದು ಸಾಲಾಯಿತು. ಅದರ ಕೆಳಗಿನ ಸಾಲು. ಅದರ ಕೆಳಗಿನದು. ಕಲ್ಲುನೆಲದ ಮೇಲೆ ಗೊಂಬೆಗಳು ಉರುಳಾಡುತ್ತ ಒಂದರ ಮೇಲೊಂದು ಬಿದ್ದು ಎಲ್ಲವೂ ಒಟ್ಟಿಗೆ ಬಿಕ್ಕಳಿಸತೊಡಗಿದವು.

ಅಂಗಡಿ ನೋಡಿಕೊಳ್ಳುವ ಕ್ರಂಬಿ ಎಂಬಾತ ಓಡಿಬಂದ. "ಏನ್ರೀ ಇದು! ತಲೆ ಕೆಟ್ಟಿದೆಯಾ ನಿಮಗೆ? ಪೊಲೀಸರನ್ನ ಕರೀತೀನಿ!"

"ಕರೀರಿ," ಎಂದಳು ಎಫೀ. "ಆರು ವರ್ಷದ ಹಿಂದೇನೇ ಕರೀಬೇಕಿತ್ತು."

"ಯಾರಿವರು? ನಿಮ್ಮ ಬಸ್ಸಿನವರಾ?" ಎಂದು ಕ್ರಂಬಿ ರೋರಿಯನ್ನು ಕೇಳಿದ.

"ಹೌದು... ನಾಟಕ ಅಲ್ಲ ಸರ್. ಆ ಬಡಗಿ ಹೆಂಡ್ತಿ ಇವ್ರು."

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ದಪ್ಪ ಮನುಷ್ಯ ಬಟ್ಟಲುಗಳ ಬೆಲೆ ನೋಡುವವನಂತೆ ಆಚೆ ತಿರುಗಿಕೊಂಡ. ರೋರಿ ಫೋನು ಹಿಡಿದು ಹೊರಗೆ ಹೋದ. ತಿರುಗಿ ಬಂದಾಗ ಅವನು ಎಫೀಯ ಮುಖ ನೋಡಲಿಲ್ಲ.

"ಆಫೀಸಿನವರು ಇವರಿಬ್ಬರನ್ನ ಬಿಟ್ಟು ಹೊರಡು ಅಂದ್ರು. ಅಮ್ಮಾ, ಆ ಕಥೆ ನಾನು ಬರೆದಿದ್ದಲ್ಲ. ಅವರು ಕೊಟ್ಟಿದ್ದು. ನಾನು ಹೇಳಿದೆ ಅಷ್ಟೇ."

"ಬಾಯಿ ಯಾರದಪ್ಪಾ?" ಎಂದಳು ಎಫೀ. "ಬಾಯೂ ಅವರೇ ಕೊಟ್ಟಿದ್ರಾ?"

ಅವನು ಹೊರಟುಹೋದ. ಒಬ್ಬೊಬ್ಬರೇ ಅವನ ಹಿಂದೆ ನಡೆದರು. ಹಳದಿ ಮಳೆಯಂಗಿಯವಳು ಬಾಗಿಲವರೆಗೆ ಹೋಗಿ ಹಿಂದಿರುಗಿ ಬಂದಳು. ಕೈಯಲ್ಲಿದ್ದ ಗೊಂಬೆಯನ್ನು ಗಲ್ಲಾದ ಮುಂದಿಟ್ಟಳು. ಇಟ್ಟವಳೇ ಬಸ್ಸಿನ ಕಡೆ ಓಡಿದಳು. ಅವಳು ಗೊಂಬೆ ವಾಪಸಿಟ್ಟಳೆಂದು ಎಫೀಗೆ ಸಮಾಧಾನವೇನೂ ಆಗಲಿಲ್ಲ. ತಟ್ಟಿದ ಕೈ ಅದೇ ತಾನೇ ಎನ್ನಿಸಿತು.

ಹತ್ತಿರದ ಊರಿನಿಂದ ಬಂದ ಪೊಲೀಸಿನವಳು ಕ್ರಂಬಿಯ ಮಾತು ಕೇಳಿದಳು, ಎಫೀಯ ಮಾತು ಕೇಳಿದಳು. ಕ್ರಂಬಿ ಕೋಟೆಯ ಒಡೆಯರಿಗೆ ಫೋನು ಮಾಡಿದ. ಪೊಲೀಸು, ಕೋರ್ಟು ಅಂದರೆ ಪತ್ರಿಕೆಯವರು ಬರುತ್ತಾರೆ, ಪತ್ರಿಕೆಯವರು ಬಂದರೆ ಹಳೆಯದೆಲ್ಲ ಕೆದಕುತ್ತಾರೆ ಎಂಬುದು ಒಡೆಯರಿಗೆ ಬೇಗ ಹೊಳೆದಿರಬೇಕು. ದೂರು ಬೇಡ, ಆ ಹೆಂಗಸು ಇನ್ನೆಂದೂ ಕೋಟೆಯೊಳಗೆ ಕಾಲಿಡಕೂಡದು, ಅಷ್ಟೇ ಎಂದರಂತೆ.

"ನನಗೇನು ಇಲ್ಲಿ ಸಂಸಾರ ಹೂಡೋ ಆಸೆಯಿತ್ತಾ?" ಎಂದಳು ಎಫೀ.

ಪೊಲೀಸಿನವಳು ಇಬ್ಬರನ್ನೂ ತನ್ನ ಕಾರಿನಲ್ಲಿ ರೈಲು ನಿಲ್ದಾಣಕ್ಕೆ ಬಿಡುತ್ತೇನೆಂದಳು. ಹೆಬ್ಬಾಗಿಲು ದಾಟಿ ಕಾರು ಡಾಂಬರು ರಸ್ತೆಗೆ ತಿರುಗುವಾಗ ಎಫೀ ಕೇಳಿದಳು.

"ಈ ರಸ್ತೆಯೂ ಅವರದೇನಮ್ಮ?"

"ಇಲ್ಲಮ್ಮ. ಬಾಗಿಲಿಂದ ಆಚೆ ಸರ್ಕಾರದ್ದು. ಯಾರು ಬೇಕಾದ್ರೂ ನಿಲ್ಬಹುದು." ಹೇಳಿದ ಮೇಲೆ ಅವಳು ಕನ್ನಡಿಯಲ್ಲಿ ಎಫೀಯನ್ನು ಒಮ್ಮೆ ನೋಡಿದಳು. "ದಾರಿಗೆ ಅಡ್ಡ ನಿಲ್ಬಾರ್ದು ಅಷ್ಟೇ."

ಮುಂದಿನ ಶನಿವಾರ ಎಫೀ ಮಡಚುವ ಕುರ್ಚಿಯೊಂದನ್ನು ಹಿಡಿದು ರೈಲು ಹತ್ತಿದಳು. ಸೆಂಗಾ ಅವಳನ್ನು ಬೈಯುತ್ತಲೇ ಮಾಂಸದ ಪಫ್ಸು ಕಟ್ಟಿಕೊಂಡು ಜೊತೆಗೆ ಹೊರಟಳು. ಕಿನ್‌ರಾವಿಯ ಹೆಬ್ಬಾಗಿಲ ಎದುರು, ರಸ್ತೆಯ ಅಂಚಿನಲ್ಲಿ ಕುರ್ಚಿ ಹಾಕಿ ಕೂತರು. ಕಾರಿನವರು ಬಾಗಿಲ ಬಳಿ ನಿಧಾನಿಸಿದಾಗಲೆಲ್ಲ ಎಫೀ ಎದ್ದು ಕಿಟಕಿಯ ಹತ್ತಿರ ಹೋಗಿ, "ಒಳಗೆ ನಿಮಗೊಂದು ಸುಳ್ಳು ಹೇಳ್ತಾರೆ, ಮೊದ್ಲು ನಿಜ ಕೇಳ್ಕೊಂಡು ಹೋಗಿ," ಎನ್ನುತ್ತಿದ್ದಳು. ಕೆಲವರು ಗಾಜು ಏರಿಸಿಕೊಂಡರು, ಕೆಲವರು ಕೇಳಿದರು. ಒಬ್ಬ ಕೇಳಿ ಮುಗಿಸಿ ಕಾರು ತಿರುಗಿಸಿಕೊಂಡು ಹೋಗಿಯೇಬಿಟ್ಟ.

ಶನಿವಾರಗಳು ಕಳೆದವು. ಕ್ರಂಬಿ ಎರಡು ಸಲ ಬಂದು ಕೂಗಾಡಿದ. ಮೂರನೆಯ ಸಲ ಬಂದಾಗ ಗೊಂಬೆಗಳನ್ನು ತೆಗೆಸಿದ್ದೇವೆ, ಇನ್ನಾದರೂ ಮನೆಗೆ ಹೋಗಿ ಎಂದ.

"ಕಥೆ?"

"ಕುಡಿದಿದ್ದ ಅನ್ನೋದನ್ನ ಬಿಟ್ಟಿದ್ದಾರೆ."

"ದೆವ್ವ?"

ಕ್ರಂಬಿ ಹೆಬ್ಬಾಗಿಲ ಕಡೆ ತಿರುಗಿಕೊಂಡ.

"ಹಾಗಿದ್ರೆ ಮುಂದಿನ ವಾರ ಸಿಗೋಣ," ಎಂದಳು ಎಫೀ.

ಎಫೀಯ ಸಿಟ್ಟು ಇಷ್ಟಿಷ್ಟೇ ಕಡಿಮೆಯಾಗುತ್ತದೆ ಎಂದು ಸೆಂಗಾ ಎಣಿಸಿದ್ದಳು. ಆಗಲಿಲ್ಲ. ರಾತ್ರಿ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಪಾತ್ರೆ ಕುಕ್ಕುತ್ತಿದ್ದವಳು ಈಗ ಹಗಲಲ್ಲಿ, ಜನರ ಮುಂದೆ, ಹೆಸರು ಹಿಡಿದು ಸಿಟ್ಟಾಗುತ್ತಿದ್ದಳು. ಬೀದಿಯ ಹೆಂಗಸರಲ್ಲಿ ಒಬ್ಬಳು, ಹೋಗ್ಲಿ ಬಿಡು ಎಫೀ, ಎಷ್ಟು ದಿನ ಅಂತ, ಎಂದಾಗ, "ಅವನು ಎಷ್ಟು ದಿನ ಸತ್ತಿರ್ತಾನೆ ಅಂದ್ಕೊಂಡಿದ್ದೀಯ?" ಎಂದು ಕೇಳಿ ಅವಳ ಬಾಯಿ ಮುಚ್ಚಿಸಿದಳು.

ಡನೋರಿಯ ಬಾಗಿಲು ಇನ್ನೂ ತೆರೆಯದ್ದರಿಂದ ಪ್ರವಾಸದ ಬಸ್ಸೂ ಶನಿವಾರ ಇಲ್ಲಿಗೇ ಬರುತ್ತಿತ್ತು. ಬಾಗಿಲ ಬಳಿ ನಿಧಾನಿಸದೆ ಒಳಕ್ಕೆ ನುಗ್ಗುತ್ತಿತ್ತು. ಮುಂದೆ ಕೂತ ರೋರಿ ಆ ಹೊತ್ತಿಗೆ ಸರಿಯಾಗಿ ಬಗ್ಗಿ ಷೂ ದಾರ ಕಟ್ಟಿಕೊಳ್ಳುತ್ತಿದ್ದ. "ಏನು ದಾರವಪ್ಪಾ ಇವನದು, ವಾರವಾರ ಬಿಚ್ಕೊಳ್ಳುತ್ತೆ!" ಎಂದು ಸೆಂಗಾ ಬಸ್ಸಿಗೆ ಕೇಳುವಂತೆ ಕೂಗುತ್ತಿದ್ದಳು.

ಅಕ್ಟೋಬರಿನ ಒಂದು ಶನಿವಾರ ಬಸ್ಸು ಹೆಬ್ಬಾಗಿಲಿಗೆ ಬರುವ ಮೊದಲೇ ರಸ್ತೆಯ ಅಂಚಿಗೆ ಸರಿದು ನಿಂತಿತು. ಬಾಗಿಲು ತೆರೆಯಿತು. ರೋರಿ ಮೈಕು ಹಿಡಿದುಕೊಂಡೇ ಮೆಟ್ಟಿಲಿಗೆ ಬಂದ. ಒಂದು ಮಾಸಲು ಜಾಕೆಟ್ಟು ತೊಟ್ಟಿದ್ದ, ಪುಕ್ಕ ಇರಲಿಲ್ಲ.

"ಅಮ್ಮಾ, ಹತ್ತಿ ಬನ್ನಿ. ಮೈಕು ಕೊಡ್ತೀನಿ, ನೀವೇ ಹೇಳಿ. ಆಫೀಸಿಗೆ ಗೊತ್ತಿಲ್ಲ. ಗೊತ್ತಾದ್ರೆ ನಾಳೆಯಿಂದ ನಾನಿರಲ್ಲ."

ಸೆಂಗಾ ಎಫೀಯನ್ನು ಮೊಣಕೈಯಲ್ಲಿ ತಿವಿದಳು. ಎಫೀ ಏಳಲಿಲ್ಲ. ಅವನಿಗೆ ಥ್ಯಾಂಕ್ಸ್ ಹೇಳಬೇಕೆಂದೂ ಅವಳಿಗೆ ಅನ್ನಿಸಲಿಲ್ಲ. ಆ ದಿನ ಪಡಸಾಲೆಯಲ್ಲಿ ಒಂದು ಮಾತು ಹೇಳಬಹುದಿದ್ದವನು ಅದಕ್ಕೆ ಇಷ್ಟು ತಿಂಗಳು ತೆಗೆದುಕೊಂಡಿದ್ದ.

"ನಾನು ಹತ್ತಲ್ಲ," ಎಂದಳು. "ಅವರೇ ಇಳೀಲಿ."

"ಮಳೆ ಬರ್ತಿದೆ ಅಮ್ಮಾ."

"ಬರ್ಲಿ."

ರೋರಿ ಒಳಗೆ ತಿರುಗಿ ಎಲ್ಲರೂ ಇಳಿಯಿರಿ ಎಂದ. ಗೊಣಗಾಟ ಕೇಳಿಸಿತು, ಯಾರೋ ಹಣ ವಾಪಸು ಕೇಳುತ್ತೇನೆಂದರು. ಕೊನೆಗೆ ಒಬ್ಬ ಮುದುಕಿ ಕೊಡೆ ಬಿಚ್ಚಿ ಕೆಳಗಿಳಿದಳು. ಅವಳ ಹಿಂದೆ ಗಂಡ ಹೆಂಡತಿ. ಅವರ ಹಿಂದೆ ಇನ್ನೂ ಕೆಲವರು. ಎಲ್ಲರೂ ಇಳಿಯಲಿಲ್ಲ. ಇಳಿದವರು ಒದ್ದೆ ಹುಲ್ಲಿನ ಮೇಲೆ ಸಾಲಾಗಿ ನಿಂತರು. ರೋರಿಯೂ ಇಳಿದು ಅವರ ಪಕ್ಕಕ್ಕೆ, ಕೊಡೆಯಿಲ್ಲದೆ, ನಿಂತುಕೊಂಡ.

ಎಫೀ ಕುರ್ಚಿಯಿಂದೆದ್ದು, ಕೋಟಿನ ಗುಂಡಿ ಹಾಕಿಕೊಂಡು, ಅವರ ಎದುರಿಗೆ ಹೋದಳು.

"ನನ್ನ ಗಂಡ ಒಳ್ಳೇ ಬಡಗಿ," ಎಂದು ಶುರುಮಾಡಿದಳು.