ನಿಮಿಷಕ್ಕೆ ನಲವತ್ತೆಂಟು

ಕೊಯಿಲದ ಜತ್ತಪ್ಪನವರು ಮೂವತ್ತು ವರ್ಷ ಮದುವೆಗಳಲ್ಲಿ ಸ್ಯಾಕ್ಸೋಫೋನ್ ನುಡಿಸಿದವರು. ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ಸೋರಿತು. ಕನ್ನಡಿಯಲ್ಲಿ ನೋಡಿದರೆ ಮುಖದ ಅರ್ಧ ಜೋತುಬಿದ್ದಿತ್ತು. ನರದ ತೊಂದರೆ, ನಿಧಾನಕ್ಕೆ ಸರಿಯಾಗ್ತದೆ ಎಂದರು ಡಾಕ್ಟರು. ಮುಖ ಬಹುಮಟ್ಟಿಗೆ ಸರಿಯಾಯಿತು, ತುಟಿ ಮಾತ್ರ ಆಗಲಿಲ್ಲ. ಊದಲು ಹೋದರೆ ಗಾಳಿ ಒಂದು ಬದಿಯಿಂದ ಹೊರಗೆ ಹೋಗುತ್ತಿತ್ತು. ಆಮೇಲೆ ಅವರು ವಾದ್ಯವನ್ನೂ ಮುಟ್ಟಲಿಲ್ಲ, ನಾಲ್ಕು ಜನ ಸೇರುವ ಕಡೆಗೂ ಹೋಗಲಿಲ್ಲ.

ಅಕ್ಟೋಬರಿನಲ್ಲಿ ಶಿಷ್ಯೆ ಅಕ್ಷಿತಾ ಮನೆಗೆ ಬಂದಳು. ಪುತ್ತೂರಿನಲ್ಲಿ ಡಿಗ್ರಿ ಓದುವ ಹುಡುಗಿ. ಅಲ್ಲಿ ಮುರಳಿಕೃಷ್ಣ ಎನ್ನುವವರು ಇಪ್ಪತ್ತು ಜನರ ಒಂದು ವಾದ್ಯವೃಂದ ಕಟ್ಟಿದ್ದರು, ಹೆಚ್ಚಿನವರೆಲ್ಲ ವಯಲಿನ್‌ನವರು. ಸ್ಯಾಕ್ಸೋಫೋನ್ ಮುಂದೆ, ಉಳಿದವರು ಹಿಂದೆ ಇರುವಂಥ ಒಂದು ಕನ್ಸರ್ಟೊವನ್ನು ಅವರೇ ಬರೆದು, ಮುಂದೆ ನಿಲ್ಲುವ ಕೆಲಸವನ್ನು ಅಕ್ಷಿತಾಳಿಗೆ ಕೊಟ್ಟಿದ್ದರು. ಮೂರು ಭಾಗಗಳಲ್ಲಿ ನಡುವಿನದು ಎಲ್ಲಕ್ಕಿಂತ ಚಿಕ್ಕದು, ಮೂರೂವರೆ ನಿಮಿಷ.

“ಅದೇ ಆಗುದಿಲ್ಲ ಮಾಸ್ಟ್ರೇ,” ಎಂದು ಅವಳು ಕಾಗದ ಬಿಡಿಸಿದಳು.

“ಎಂತ ಬರೆದದ್ದು ಮೇಲೆ?”

“ವೇಗ, ನಿಮಿಷಕ್ಕೆ ನಲವತ್ತೆಂಟು ಪೆಟ್ಟು. ಡಿ ಮೈನರ್. ಭಾವ, ಕನಸಿನಲ್ಲಿ ದೂರದಿಂದ ಕೇಳಿದ ಹಾಗೆ.”

ಅವಳು ನುಡಿಸಿದಳು. ಸ್ವರಗಳು ಕೀರವಾಣಿ ರಾಗದವೇ ಎಂದು ಜತ್ತಪ್ಪನವರಿಗೆ ಕೂಡಲೇ ಗೊತ್ತಾಯಿತು. ಆದರೆ ಕೀರವಾಣಿಯಂತೆ ತೂಗಾಡದೆ ಒಂದೊಂದೂ ನೆಟ್ಟಗೆ ನಿಲ್ಲಬೇಕಿತ್ತು. ಅಕ್ಷಿತಾ ಹಾಗೆ ನಿಲ್ಲಿಸಲಿಲ್ಲ. ಉದ್ದ ಸ್ವರ ಬಂದಲ್ಲೆಲ್ಲ ಬೆರಳು ಓಡಿಸಿ ತುಂಬಿದಳು.

“ಯಾಕೆ ಇಷ್ಟು ಗಡಿಬಿಡಿ?”

“ಖಾಲಿ ಬಿಟ್ಟರೆ ಮರೆತುಹೋಯ್ತು ಅಂತ ಎಣಿಸ್ತಾರೆ.”

ಜತ್ತಪ್ಪನವರು ನಗಲಿಲ್ಲ. ಧಾರೆಯ ಹೊತ್ತಿಗೆ ಜನ ಊಟದ ಕಡೆ ತಿರುಗುತ್ತಾರೆಂಬ ಹೆದರಿಕೆಯಲ್ಲಿ ತಾನೂ ಓಡಿಸಿದವನೇ.

ಮರುದಿನ ಬೆಳಿಗ್ಗೆ ಅವಳನ್ನು ಜಾನುವಾರು ಫಾರ್ಮಿನ ಪಕ್ಕದ ಬಯಲಿಗೆ ಕರೆದುಕೊಂಡು ಹೋದರು. ಮಂಜು ಇನ್ನೂ ಹುಲ್ಲಿನ ಮೇಲೆಯೇ ಕೂತಿತ್ತು. ಗುಡ್ಡದ ಇಳಿಜಾರಿನಲ್ಲಿ ಕೆಲವು ದನಗಳಿದ್ದವು. ಕಾಲು ಕಾಣುತ್ತಿರಲಿಲ್ಲವಾದ್ದರಿಂದ ತೇಲಿದಂತೆ ತೋರುತ್ತಿದ್ದವು. ಅಕ್ಷಿತಾಳನ್ನು ಬೇಲಿಯ ಹತ್ತಿರ ನಿಲ್ಲಿಸಿ, ಅವಳ ಮೊಬೈಲಿನಲ್ಲಿ ನಲವತ್ತೆಂಟರ ಟಿಕ್ ಟಿಕ್ ಹಾಕಿಸಿ, ಅದನ್ನು ಕಿಸೆಗೆ ಹಾಕಿಕೊಂಡರು.

“ನೀನು ಶುರು ಮಾಡುವಾಗ ನಾನು ಆಚೆಯ ಮಾವಿನ ಮರದಿಂದ ಹೊರಟು ನಡೆದುಕೊಂಡು ಬರ್ತೇನೆ. ಪೆಟ್ಟಿಗೆ ಒಂದು ಹೆಜ್ಜೆ. ಮೂರೂವರೆ ನಿಮಿಷಕ್ಕೆ ನೂರ ಅರವತ್ತೆಂಟು ಹೆಜ್ಜೆ ಆಗ್ತದೆ. ನಾನು ನಿನ್ನ ಹತ್ತಿರ ಮುಟ್ಟುವಾಗ ನೀನು ಮುಗಿಸಬೇಕು.”

ಮೊದಲ ಸಲ ಅವರು ಅರ್ಧ ದಾರಿಗೆ ಬರುವಷ್ಟರಲ್ಲಿ ಅವಳು ಮುಗಿಸಿ ನಿಂತಿದ್ದಳು. ಎರಡನೆಯ ಸಲವೂ ಹಾಗೆಯೇ.

“ನೀನು ತುಂಬಿಸಿದ್ದು ಯಾವುದೂ ನನ್ನವರೆಗೆ ಬರುದಿಲ್ಲ ಮಾರಾಯ್ತಿ,” ಎಂದರು ಅವರು ಹತ್ತಿರ ಬಂದು. “ಅಷ್ಟು ದೂರಕ್ಕೆ ಉದ್ದ ಸ್ವರ ಮಾತ್ರ ಮುಟ್ಟುದು.”

ಅಕ್ಷಿತಾ ಮಾವಿನ ಮರದ ಕಡೆ ನೋಡಿದಳು. ಆಮೇಲೆ, “ಹಾಗಾದ್ರೆ ಇನ್ನೊಮ್ಮೆ ಹೋಗಿ,” ಎಂದಳು.

ಐದು ದಿನ ಹೀಗೆ ನಡೆಯಿತು. ಐದನೆಯ ದಿನ ಜತ್ತಪ್ಪನವರು ಮೊಬೈಲನ್ನು ಅವಳ ಚೀಲದಲ್ಲೇ ಬಿಟ್ಟು ಹೋದರು. ಮರದ ಬುಡದಿಂದ ಹೊರಟಾಗ ಮಂಜಿನಲ್ಲಿ ಅಕ್ಷಿತಾ ಕಾಣುತ್ತಿರಲಿಲ್ಲ. ಸ್ವರ ಮಾತ್ರ ಬಂತು. ಬಂದು ನಿಂತಿತು. ಮತ್ತೆ ಏನೂ ಇಲ್ಲ. ಆ ಏನೂ ಇಲ್ಲದ ಜಾಗದಲ್ಲಿ ದನವೊಂದು ಹುಲ್ಲು ಕೀಳುವ ಸದ್ದು, ತನ್ನ ಕಾಲಡಿಯ ಒದ್ದೆ. ಎಷ್ಟನೆಯ ಹೆಜ್ಜೆಯೆಂದು ಅವರಿಗೆ ಲೆಕ್ಕ ತಪ್ಪಿತು. ಯಾರದೋ ನಿದ್ದೆಯೊಳಗೆ ನಡೆದು ಹೋಗುತ್ತಿರುವಂತೆ, ಸದ್ದು ಮಾಡಿದರೆ ಮಲಗಿದವರು ಎಚ್ಚರಗೊಂಡಾರೆಂಬಂತೆ ಕಾಲಿಟ್ಟರು. ಕಣ್ಣಿಗೆ ಬೇಲಿ ಕಂಡದ್ದು, ಅಕ್ಷಿತಾ ಕಂಡದ್ದು, ಕೊನೆಯ ಸ್ವರ ಆರಿದ್ದು ಒಟ್ಟಿಗೇ ಆಯಿತು.

ಹೊರಡುವಾಗ ಅವಳು ಕೇಳಿದಳು. “ಭಾನುವಾರ ಕಾರ್ಯಕ್ರಮ. ನೀವು ಬರುದಿಲ್ಲ ಅಲ್ವಾ?”

“ನೋಡುವ,” ಎಂದರು.

ಭಾನುವಾರ ಸಂಜೆ ಜತ್ತಪ್ಪನವರು ಪುತ್ತೂರಿನ ಬಸ್ಸು ಹತ್ತಿದರು. ಸಭಾಂಗಣದ ಬಾಗಿಲಲ್ಲಿ ಬೆಳ್ಳಾರೆಯ ಹಳೆಯ ಪರಿಚಯದವರೊಬ್ಬರು ಅವರ ಮುಖವನ್ನೇ ನೋಡಿ, “ಈಗ ಹೇಗಿದ್ದೀರಿ?” ಎಂದರು. “ಇಷ್ಟು ಉಂಟು,” ಎಂದು ಹೇಳಿ ಒಳಗೆ ಹೋಗಿ ಕೂತರು.

ನಡುವಿನ ಭಾಗ ಶುರುವಾಯಿತು. ವಯಲಿನ್‌ಗಳು ಕೇಳಿಯೂ ಕೇಳದಷ್ಟು ಮೆಲ್ಲಗೆ ನಾದ ಹಾಸಿದ ಮೇಲೆ ಅಕ್ಷಿತಾಳ ಸ್ವರ ಬಂತು. ಒಂದು ಕಡೆ ಅವಳು ಎಷ್ಟು ಹೊತ್ತು ಸುಮ್ಮನಿದ್ದಳೆಂದರೆ ಹಿಂದಿನ ಸಾಲಿನವರಾರೋ ಮುಗಿಯಿತೆಂದು ಚಪ್ಪಾಳೆ ತಟ್ಟಿಬಿಟ್ಟರು. ಅವಳು ಗಡಿಬಿಡಿ ಮಾಡಲಿಲ್ಲ. ಚಪ್ಪಾಳೆ ತಾನಾಗಿ ನಾಚಿ ನಿಂತ ಮೇಲೆ ಉಸಿರೆಳೆದುಕೊಂಡು ಮುಂದಿನ ಸ್ವರಕ್ಕೆ ಹೋದಳು.

ಮುಗಿದ ಮೇಲೆ ಮುರಳಿಕೃಷ್ಣ ಬಂದು ಅವರ ಕೈ ಹಿಡಿದರು. “ಅಕ್ಷಿತಾ ಎಲ್ಲ ಹೇಳಿದ್ದಾಳೆ. ಮುಂದಿನ ತಿಂಗಳಿಂದ ನೀವೂ ರಿಹರ್ಸಲಿಗೆ ಬನ್ನಿ. ನಮ್ಮವರೆಲ್ಲ ಓಡುವವರೇ.”

“ನನಗೆ ಊದಲಿಕ್ಕೆ ಆಗುದಿಲ್ಲ. ಕಾಗದ ಓದಲಿಕ್ಕೂ ಬರುದಿಲ್ಲ.”

“ಕೂತು ಕೇಳಿದರೆ ಸಾಕು.”

ಜತ್ತಪ್ಪನವರು ಒಪ್ಪಿದರು. ಈಗ ಪ್ರತಿ ಶನಿವಾರ ಎರಡೂವರೆಯ ಬಸ್ಸಿಗೆ ಹೋಗುತ್ತಾರೆ, ಕೋಣೆಯ ಆಚೆ ತುದಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ. ಯಾರಾದರೂ ಓಡಲು ತೊಡಗಿದರೆ ಕಣ್ಣು ತೆರೆಯುತ್ತಾರೆ, ಅಷ್ಟೆ.